ಫೀನಿಕ್ಸ್ ಬೇಸಿಗೆಯ ಎಸಿ ಬಿಲ್ಲು: ಸೋದರ ಸೊಸೆಗೆ ಒಂದು ಪತ್ರ

ಚಿ. ಸೌ. ಮೇಘಾಳಿಗೆ ಆಶೀರ್ವಾದಗಳು.

ನೀನು ಕಳಿಸಿದ ಕಳೆದ ಜುಲೈನ ಕರೆಂಟ್ ಬಿಲ್ಲು, ಅಟ್ಟದ ಫೋಟೋಗಳು, ಹೊಸ ಎಸಿಗೆ ಕೊಟ್ಟ ಕೊಟೇಶನ್ ಎಲ್ಲವನ್ನೂ ನೋಡಿದೆ. ಆ ಕೊಟೇಶನ್‌ಗೆ ಈಗಲೇ ಸಹಿ ಹಾಕಬೇಡ. ನಿಮ್ಮ ಮನೆಯ ಮೂರು ಟನ್ನಿನ ಮೆಷಿನ್ ಇನ್ನೂ ಗಟ್ಟಿಯಾಗಿದೆ. ಅದು ತಂಪು ಮಾಡಿದ ಗಾಳಿ ಕೋಣೆಗೆ ಬರುವ ದಾರಿಯಲ್ಲಿ ಸೋರುತ್ತಿದೆ, ಹೊರಗಿನ ಬಿಸಿ ಪಡುವಣ ಕಿಟಕಿಗಳಿಂದ ಒಳಗೆ ಬರುತ್ತಿದೆ. ಈ ಎರಡನ್ನು ಸರಿಮಾಡದೆ ಎಷ್ಟು ದುಬಾರಿ ಎಸಿ ತಂದಿಟ್ಟರೂ ಬಿಲ್ಲು ನೀನು ಅಂದುಕೊಂಡಷ್ಟು ಇಳಿಯುವುದಿಲ್ಲ.

ಮೊದಲು ಊರಿನ ಸ್ವಭಾವ ತಿಳಿದುಕೋ. ರಾಯಚೂರು, ಕಲಬುರಗಿಯ ಬಿಸಿಲು ನಮಗೆ ಹೊಸದಲ್ಲ. ಆದರೆ ಅಲ್ಲಿ ಜೂನ್ ಕಳೆದರೆ ಮಳೆ ಬಂದು ಊರು ತಣ್ಣಗಾಗುತ್ತದೆ, ಫೀನಿಕ್ಸ್‌ನಲ್ಲಿ ಜುಲೈ, ಆಗಸ್ಟ್‌ನಲ್ಲಿ ರಾತ್ರಿಗೂ ಬಿಡುವಿಲ್ಲ. 2023ರಲ್ಲಿ ಜೂನ್ 30ರಿಂದ ಸತತ 31 ದಿನ ಹಗಲಿನ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಸೆಲ್ಸಿಯಸ್ ಇಲ್ಲವೇ ಅದಕ್ಕೂ ಹೆಚ್ಚಿತ್ತು. ಅದೇ ಜುಲೈ 19ರಂದು ಕನಿಷ್ಠ ಉಷ್ಣಾಂಶವೇ 97 ಡಿಗ್ರಿ (ಇಲ್ಲಿ, ಮುಂದೆ ಹೇಳುವ ಡಿಗ್ರಿಗಳೆಲ್ಲ ಫ್ಯಾರನ್‌ಹೀಟ್). ಏಪ್ರಿಲ್‌ನಲ್ಲಿ, ಅಕ್ಟೋಬರ್ ಕೊನೆಯಲ್ಲಿ ರಾತ್ರಿ ಕಿಟಕಿ ತೆರೆದು ಎಸಿ ಆರಿಸಬಹುದು. ನಡುಬೇಸಿಗೆಯಲ್ಲಿ ಆ ಉಪಾಯ ನಡೆಯದು.

ಈಗ ಅಟ್ಟದ ವಿಷಯ. ಇಲ್ಲೇ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಹೆಚ್ಚು ದುಡ್ಡು ಹೋಗುತ್ತಿರುವುದು ಇಲ್ಲೇ. ಅಲ್ಲಿನ ಬಹಳಷ್ಟು ಮನೆಗಳಂತೆ ನಿಮ್ಮದರಲ್ಲೂ ಡಕ್ಟ್‌ಗಳು, ಅಂದರೆ ಎಸಿಯ ಗಾಳಿ ಸಾಗಿಸುವ ಕೊಳವೆಗಳು, ಅಟ್ಟದಲ್ಲಿ ಓಡುತ್ತವೆ. ಬೇಸಿಗೆಯ ಮಧ್ಯಾಹ್ನ ಆ ಅಟ್ಟ 140 ಡಿಗ್ರಿಗೆ ಏರುತ್ತದೆ. ತಂಪು ಗಾಳಿ ಹೊರಡುವ ಕಡೆ ಡಕ್ಟ್ ಸೋರಿದರೆ ನೀನು ದುಡ್ಡು ಕೊಟ್ಟು ಅಟ್ಟವನ್ನು ತಂಪು ಮಾಡುತ್ತಿದ್ದೀಯ ಅಷ್ಟೆ. ಮನೆಯ ಗಾಳಿಯನ್ನು ವಾಪಸ್ ಎಳೆಯುವ ರಿಟರ್ನ್ ಡಕ್ಟ್ ಸೋರಿದರೆ ಅದಕ್ಕಿಂತ ಕೆಟ್ಟದ್ದು. ಲೆಕ್ಕ ಹಾಕಿ ನೋಡು: ಟನ್ನಿಗೆ 400 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ ಎಂಬ ಅಳತೆ) ಎಂದರೂ ನಿಮ್ಮ ಮೆಷಿನ್ ನಿಮಿಷಕ್ಕೆ 1,200 ಘನ ಅಡಿ ಗಾಳಿ ಎಳೆಯುತ್ತದೆ. ಅದರಲ್ಲಿ ಹತ್ತನೇ ಒಂದು ಪಾಲು ಮನೆಯ 78 ಡಿಗ್ರಿಯ ಗಾಳಿಯ ಬದಲು ಅಟ್ಟದ 140 ಡಿಗ್ರಿಯ ಗಾಳಿಯಾದರೆ, ಬೆರೆತ ಮೇಲೆ ಗಾಳಿಯನ್ನು ತಂಪು ಮಾಡುವ ಕಾಯಿಲ್‌ಗೆ ತಲುಪುವುದು 84 ಡಿಗ್ರಿಯ ಗಾಳಿ. ಕಾಯಿಲ್ ಇಳಿಸುವುದೇ ಸುಮಾರು 20 ಡಿಗ್ರಿ. ಅದರಲ್ಲಿ ಆರು ಡಿಗ್ರಿ ಈ ಒಂದು ತೂತಿಗೆ ಹೋಯಿತು. ಮೆಷಿನ್ ನಿಲ್ಲದೆ ಓಡುತ್ತದೆ, ಮನೆ ಮಾತ್ರ ತಂಪಾಗುವುದಿಲ್ಲ. ಆಮೇಲೆ ಬಂದವನು ‘ಮೆಷಿನ್ ಸಣ್ಣದಾಯಿತು, ನಾಲ್ಕು ಟನ್ ಹಾಕಿಸಿ’ ಎನ್ನುತ್ತಾನೆ.

ಇದನ್ನು ನೀವೇ ಪರೀಕ್ಷಿಸಬಹುದು. ಅಡುಗೆಗೆ ಬಳಸುವ ಕಡ್ಡಿ ಥರ್ಮಾಮೀಟರ್ ಸಾಕು. ಎಸಿ ಹದಿನೈದು ನಿಮಿಷ ಓಡಿದ ಮೇಲೆ ರಿಟರ್ನ್ ಜಾಲರಿಯ ಹತ್ತಿರ ಒಂದು ಅಳತೆ, ಮೆಷಿನ್‌ಗೆ ತೀರ ಹತ್ತಿರದ ವೆಂಟ್‌ನಲ್ಲಿ (ಕೋಣೆಗೆ ತಂಪು ಗಾಳಿ ಬರುವ ಕಂಡಿ) ಒಂದು, ದೂರದ ಮಲಗುವ ಕೋಣೆಯ ವೆಂಟ್‌ನಲ್ಲಿ ಒಂದು ತೆಗೆದುಕೋ. ಮೊದಲ ಎರಡರ ನಡುವೆ 16ರಿಂದ 22 ಡಿಗ್ರಿ ಅಂತರವಿದ್ದರೆ ಮೆಷಿನ್ ತನ್ನ ಕೆಲಸ ಮಾಡುತ್ತಿದೆ. ಹತ್ತಿರದ ವೆಂಟ್‌ಗಿಂತ ದೂರದ್ದು ಐದಾರು ಡಿಗ್ರಿ ಬಿಸಿ ಇದ್ದರೆ ದೋಷವಿರುವುದು ನಡುವಿನ ಡಕ್ಟ್‌ನಲ್ಲಿ. ರಿಟರ್ನ್‌ಗೂ ಒಂದು ಪರೀಕ್ಷೆ ಇದೆ. ಜಾಲರಿಯಲ್ಲಿ 78 ತೋರಿಸಿ, ಅಟ್ಟದಲ್ಲಿ ಮೆಷಿನ್ ಪೆಟ್ಟಿಗೆಗೆ ಸೇರುವ ಜಾಗದಲ್ಲಿ 83 ತೋರಿಸಿದರೆ ನಡುವೆ ಅಟ್ಟದ ಗಾಳಿ ನುಗ್ಗುತ್ತಿದೆ.

ಅಟ್ಟಕ್ಕೆ ಹತ್ತುವುದಾದರೆ ಬೆಳಗ್ಗೆ ಆರು ಗಂಟೆಯ ಒಳಗೆ ಹತ್ತಬೇಕು, ಕೆಳಗೆ ಒಬ್ಬರು ನಿಂತಿರಬೇಕು. ಹಗಲು ಹೊತ್ತು ಅಲ್ಲಿ ಹತ್ತು ನಿಮಿಷ ಕೂಡ ಅಪಾಯ. ಟಾರ್ಚ್ ಹಿಡಿದು ಡಕ್ಟ್‌ಗಳ ಕೀಲುಗಳನ್ನು ನೋಡು. ಹೊದಿಕೆಯ ಹತ್ತಿಯ ಮೇಲೆ ಮಸಿ ಬಳಿದಂತೆ ಕಪ್ಪು ಗೆರೆ ಕಂಡರೆ ಅಲ್ಲಿ ಸೋರಿಕೆ ಇದೆ. ಒಳಗಿನ ಗಾಳಿ ಹತ್ತಿಯಲ್ಲಿ ಸೋಸಿಕೊಂಡು ಹೊರಬರುವಾಗ ಧೂಳು ಅಲ್ಲೇ ಕೂತು ಕಪ್ಪಾಗುತ್ತದೆ. ನೀನು ಕಳಿಸಿದ ಎರಡನೇ ಫೋಟೋದಲ್ಲಿ ಬೆಳ್ಳಿ ಬಣ್ಣದ ಡಕ್ಟ್ ದೊಡ್ಡ ಪೆಟ್ಟಿಗೆಗೆ ಸೇರುವ ಜಾಗದಲ್ಲಿ ಅಂಥ ಗೆರೆ ಸ್ಪಷ್ಟವಾಗಿದೆ. ಅದಕ್ಕೆ ಬಟ್ಟೆಯ ಡಕ್ಟ್ ಟೇಪ್ ಸುತ್ತಿದ್ದಾರೆ. ಹೆಸರು ಡಕ್ಟ್ ಟೇಪ್ ಆದರೂ ಅಟ್ಟದ ಬಿಸಿಗೆ ಅದರ ಅಂಟು ಒಣಗಿ ಉದುರಿಬಿಡುತ್ತದೆ. ಅಲ್ಲಿ ಹಚ್ಚಬೇಕಾದ್ದು ಮಾಸ್ಟಿಕ್. ಗಂಜಿಯಷ್ಟು ದಪ್ಪನೆಯ ಆ ಅಂಟನ್ನು ಬ್ರಷ್‌ನಿಂದ ನಾಣ್ಯದ ದಪ್ಪಕ್ಕೆ ಬಳಿಯಬೇಕು, ಕಾಲು ಇಂಚಿಗಿಂತ ದೊಡ್ಡ ಸಂದು ಇದ್ದರೆ ಮೊದಲು ಫೈಬರ್‌ಗ್ಲಾಸ್ ಬಲೆ ಕೂರಿಸಿ ಮೇಲೆ ಬಳಿಯಬೇಕು. ಕೆಲಸದವರನ್ನು ಕರೆಸಿದರೆ ಡಕ್ಟ್‌ನಲ್ಲಿ 25 ಪ್ಯಾಸ್ಕಲ್ ಒತ್ತಡ ಕೊಟ್ಟು ಸೋರಿಕೆ ಅಳೆಯಲು ಹೇಳು. ಕೆಲಸಕ್ಕೆ ಮುಂಚೆ ಎಷ್ಟು ಸಿಎಫ್‌ಎಂ, ಆದ ಮೇಲೆ ಎಷ್ಟು, ಎರಡನ್ನೂ ಬರೆದು ಕೊಡಬೇಕು. ಬರೆದು ಕೊಡಲು ಒಪ್ಪದವರಿಗೆ ಕೆಲಸ ಕೊಡಬೇಡ.

ಡಕ್ಟ್ ಸರಿಯಾದ ಮೇಲೆ ಅಟ್ಟದ ನೆಲದ ಹೊದಿಕೆ. ಫೋಟೋದಲ್ಲಿ ಮರದ ತೊಲೆಗಳ ಮೇಲ್ಭಾಗ ಕಾಣುತ್ತಿದೆ. ಅವು ಮೂರೂವರೆ ಇಂಚು ಎತ್ತರದವು, ಅಂದಮೇಲೆ ಹೊದಿಕೆ ಅದಕ್ಕಿಂತ ಕಡಿಮೆ ಇದೆ, ಹೆಚ್ಚೆಂದರೆ ಆರ್-11 (ಆರ್ ಎಂದರೆ ಹೊದಿಕೆ ಬಿಸಿಯನ್ನು ಎಷ್ಟು ತಡೆಯುತ್ತದೆ ಎಂಬ ಅಂಕಿ). ಅಲ್ಲಿಗೆ ಕನಿಷ್ಠ ಆರ್-38 ಬೇಕು. ಸೆಲ್ಯುಲೋಸ್, ಅಂದರೆ ಕಾಗದದ ನಾರಿನ ಹೊದಿಕೆ, ಇಂಚಿಗೆ ಸುಮಾರು ಆರ್-3.5 ಕೊಡುತ್ತದೆ, ಆದ್ದರಿಂದ ಕೆಳಗೆ ಕೂತ ಮೇಲೆ ಹನ್ನೊಂದು ಇಂಚು ನಿಲ್ಲುವಂತೆ ಊದಿಸಬೇಕು. ಊದಿಸುವ ಮುಂಚೆ ಚಾವಣಿಯ ದೀಪಗಳ ಸುತ್ತಲಿನ, ವೈರುಗಳು ಇಳಿಯುವ ತೂತುಗಳನ್ನು ಮುಚ್ಚಿಸು. ಹಳೆಯ ದೀಪವಾದರೆ ಹೊದಿಕೆ ತಾಗಬಹುದಾದ ಬಗೆಯದೇ ಎಂದು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಬೆಂಕಿಯ ಭಯ. ಸೂರಿನ ಅಂಚಿನಲ್ಲಿ ಗಾಳಿಯಾಡುವ ಕಂಡಿಗಳು ಮುಚ್ಚಿಹೋಗದಂತೆ ತಡೆ ಇಡಿಸು. ಅಟ್ಟದ ಮುಚ್ಚಳದ ಮೇಲೆ ಏನನ್ನೂ ಹಾಕದೆ ಬಿಡುವುದು ಎಲ್ಲರೂ ಮಾಡುವ ತಪ್ಪು. ಅದಕ್ಕೂ ಎರಡು ಇಂಚಿನ ಫೋಮ್ ಹಲಗೆ ಅಂಟಿಸಿ, ಅಂಚಿಗೆ ರಬ್ಬರ್ ಪಟ್ಟಿ ಹಾಕಬೇಕು.

ಕಿಟಕಿಗೆ ದಪ್ಪ ಪರದೆ ಹಾಕಿದ್ದೀಯ, ಒಳ್ಳೆಯದೇ. ಆದರೆ ಗಾಜು ದಾಟಿದ ಬಿಸಿಲು ಪರದೆಗೆ ತಾಗಿ ಅದರ ಬಹುಪಾಲು ಮನೆಯೊಳಗೇ ಉಳಿಯುತ್ತದೆ. ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಅಲ್ಲಿ 80, 90 ಪ್ರತಿಶತ ಬಿಸಿಲು ತಡೆಯುವ ಸನ್‌ಸ್ಕ್ರೀನ್ ಜಾಲರಿಯನ್ನು ಚೌಕಟ್ಟು ಕಟ್ಟಿ ಹೊರಗಿನಿಂದ ಕೂರಿಸುತ್ತಾರೆ. ಪಡುವಣ ಕಿಟಕಿಗಳಿಗೆ 90ರದ್ದು, ಮೂಡಣಕ್ಕೆ 80ರದ್ದು ಸಾಕು, ಬಡಗಣ ಕಿಟಕಿಗೆ ಬೇಡವೇ ಬೇಡ. ಹೌಸಿಂಗ್ ಸೊಸೈಟಿ ಯಾವ ಬಣ್ಣ ಒಪ್ಪುತ್ತದೆ ಎಂದು ಮೊದಲೇ ಕೇಳು. ಮರದ ಮಾತೂ ಬರಲಿ: ಮೆಸ್ಕೀಟ್, ಪಾಲೋ ವರ್ಡೆ ಅಲ್ಲಿನ ನೆಲದ ಮರಗಳು, ಕಡಿಮೆ ನೀರಲ್ಲಿ ಬದುಕುತ್ತವೆ. ಮೆಸ್ಕೀಟ್ ನಮ್ಮ ಬಳ್ಳಾರಿ ಜಾಲಿಯ ಕುಲದ್ದೇ, ಎಲೆ ನೋಡಿದರೆ ನಿನಗೇ ಗುರುತು ಸಿಗುತ್ತದೆ. ಪಡುವಣ ಗೋಡೆಯಿಂದ ಹದಿನೈದು ಅಡಿ ಬಿಟ್ಟು ನೆಡಿಸು. ನೆರಳು ಬರಲು ವರ್ಷಗಳು ಬೇಕು, ಅದಕ್ಕೇ ಈ ಚಳಿಗಾಲ ತಪ್ಪಿಸಬೇಡ.

ಇನ್ನು ಥರ್ಮೋಸ್ಟಾಟ್. ಹೊರಗೆ 110, ಒಳಗೆ 78 ಇದ್ದರೆ ಅಂತರ 32 ಡಿಗ್ರಿ. ಒಳಗೆ 80 ಮಾಡಿದರೆ ಅಂತರ 30ಕ್ಕೆ ಇಳಿಯುತ್ತದೆ, ಗೋಡೆ ಚಾವಣಿಗಳಿಂದ ಬರುವ ಬಿಸಿಯೂ ಆ ಪ್ರಮಾಣದಲ್ಲೇ ಇಳಿಯುತ್ತದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೆ ಆ ಎರಡು ಡಿಗ್ರಿ ಮೈಗೆ ಗೊತ್ತಾಗುವುದಿಲ್ಲ. ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಯ ಬೆವರನ್ನು ಆರಿಸುತ್ತದೆ. ಆದ್ದರಿಂದ ಯಾರೂ ಇಲ್ಲದ ಕೋಣೆಯಲ್ಲಿ ಆರಿಸಿಬಿಡು. ಥರ್ಮೋಸ್ಟಾಟ್‌ನ ಫ್ಯಾನ್ ಗುಂಡಿ ‘ಆನ್’ನಲ್ಲಿ ಇದೆ ಎಂದಿದ್ದೆ, ಅದನ್ನು ಇವತ್ತೇ ‘ಆಟೋ’ಗೆ ತಿರುಗಿಸು. ಕಂಪ್ರೆಸರ್ ನಿಂತಾಗಲೂ ಗಾಳಿ ಅಟ್ಟದ ಬಿಸಿ ಡಕ್ಟ್‌ಗಳಲ್ಲಿ ಸುತ್ತಿ ಬರುವುದು ಯಾರಿಗೂ ಬೇಡ.

ಡಿಗ್ರಿಗಿಂತ ಗಡಿಯಾರ ಮುಖ್ಯ. ಫೀನಿಕ್ಸ್ ಪಕ್ಕದ ನಿಮ್ಮ ಚಾಂಡ್ಲರ್‌ನಲ್ಲಿ ಕೆಲವು ಮನೆಗಳಿಗೆ ಎಸ್‌ಆರ್‌ಪಿ ಕಂಪನಿ, ಕೆಲವಕ್ಕೆ ಎಪಿಎಸ್ ಕಂಪನಿ ಕರೆಂಟ್ ಕೊಡುತ್ತದೆ. ನಿಮ್ಮದು ಎಪಿಎಸ್, ಬಿಲ್ಲಿನ ಪ್ರಕಾರ ವಾರದ ದಿನಗಳಲ್ಲಿ ಸಂಜೆ 4ರಿಂದ 7ರವರೆಗೆ ದುಬಾರಿ ದರ, ಜೊತೆಗೆ ಡಿಮಾಂಡ್ ಚಾರ್ಜ್ ಕೂಡ ಇರುವ ಪ್ಲಾನ್. ಡಿಮಾಂಡ್ ಚಾರ್ಜ್ ಎಂದರೆ ತಿಂಗಳಲ್ಲಿ ಆ ಮೂರು ತಾಸಿನ ಅವಧಿಯೊಳಗೆ ಯಾವ ಒಂದು ತಾಸು ಅತಿ ಹೆಚ್ಚು ಕರೆಂಟ್ ಎಳೆದಿರೋ ಆ ಒಂದು ತಾಸಿಗೆ ಬೀಳುವ ಪ್ರತ್ಯೇಕ ಶುಲ್ಕ. ಎಸಿ ಮೂರೂವರೆ ಕಿಲೋವ್ಯಾಟ್, ಬಟ್ಟೆ ಒಣಗಿಸುವ ಡ್ರೈಯರ್ ಐದು, ಓವನ್ ಮೂರು. ಒಂದೇ ಒಂದು ಸಂಜೆ ಮೂರೂ ಒಟ್ಟಿಗೆ ಓಡಿದರೆ ಇಡೀ ತಿಂಗಳ ಬಿಲ್ಲು ಅದನ್ನು ಹೊರುತ್ತದೆ. ಮಧ್ಯಾಹ್ನ 1ರಿಂದ 4ರವರೆಗೆ ಮನೆಯನ್ನು 75ಕ್ಕೆ ತಂಪು ಮಾಡಿಟ್ಟು, 4ಕ್ಕೆ 81ಕ್ಕೆ ಏರಿಸು, 7 ದಾಟಿದ ಮೇಲೆ ಇಳಿಸು. ಅಟ್ಟ, ಕಿಟಕಿ ಸರಿಯಾದ ಮನೆ ಈ ಮೂರು ತಾಸನ್ನು ಹೆಚ್ಚು ಕಷ್ಟವಿಲ್ಲದೆ ಕಳೆಯುತ್ತದೆ. ಸೋರುವ ಮನೆ ಐದಕ್ಕೇ 81 ಮುಟ್ಟುತ್ತದೆ. ನಿಮ್ಮದು ಎಷ್ಟಕ್ಕೆ ಮುಟ್ಟುತ್ತದೆ ಎಂದು ಬರೆದಿಡು, ಮನೆ ಎಷ್ಟು ಸುಧಾರಿಸಿತು ಎಂಬುದಕ್ಕೆ ಅದೇ ಅಳತೆ.

ಸಂಜೆಯ ಅಡುಗೆಯನ್ನು ಆದಷ್ಟು 4ರ ಒಳಗೆ ಮುಗಿಸು. ಬೇಳೆ, ಅನ್ನದ ಕುಕ್ಕರ್ ಬೆಳಗ್ಗೆಯೇ ಆಗಲಿ. ಒಗ್ಗರಣೆ ಹಾಕುವಾಗ ಚಿಮಣಿ ಬೇಕೇ ಬೇಕು, ಆದರೆ ಹೊಗೆ ಹೋದೊಡನೆ ಆರಿಸು. ಅದು ಹೊರಗೆ ತಳ್ಳಿದಷ್ಟೇ ಗಾಳಿ ಬಾಗಿಲ ಸಂದುಗಳಿಂದ 110 ಡಿಗ್ರಿಯದಾಗಿ ಒಳಗೆ ಬರುತ್ತದೆ. ಡ್ರೈಯರ್ ಕೂಡ ಅದನ್ನೇ ಮಾಡುತ್ತದೆ. ಆ ಒಣಹವೆಯಲ್ಲಿ ಹಿತ್ತಲ ನೆರಳಿನ ಹಗ್ಗದ ಮೇಲೆ ಬಟ್ಟೆ ಬೇಗ ಒಣಗುತ್ತವೆ.

ಫಿಲ್ಟರ್ ವಿಷಯದಲ್ಲಿ ಹುಷಾರು. ಒಳ್ಳೆಯದೆಂದು ಒಂದು ಇಂಚಿನ ಮೆರ್ವ್ 13 ಹಾಕಿದ್ದೀಯ (ಮೆರ್ವ್ ಅಂಕಿ ಹೆಚ್ಚಿದಷ್ಟೂ ಫಿಲ್ಟರ್ ಸಣ್ಣ ಧೂಳನ್ನೂ ಹಿಡಿಯುತ್ತದೆ). ಅದು ಅಷ್ಟು ತೆಳು ಚೌಕಟ್ಟಿನಲ್ಲಿ ಗಾಳಿಯನ್ನು ಕಟ್ಟಿಹಾಕುತ್ತದೆ, ಗಾಳಿ ಕಡಿಮೆಯಾದರೆ ಒಳಗಿನ ಕಾಯಿಲ್ ಮಂಜುಗಟ್ಟುತ್ತದೆ. ಮೆರ್ವ್ 8 ಸಾಕು, ಬೇಸಿಗೆಯಲ್ಲಿ ತಿಂಗಳಿಗೊಂದು, ದೊಡ್ಡ ಧೂಳುಗಾಳಿ ಎದ್ದರೆ ಅದರ ಮಾರನೆಯ ದಿನವೇ ಒಂದು. ಬಳಸದ ಕೋಣೆಯ ವೆಂಟ್ ಮುಚ್ಚುವುದೂ ಬೇಡ, ಒಳಗಿನ ಒತ್ತಡ ಏರಿ ಸೋರಿಕೆ ಇನ್ನೂ ಹೆಚ್ಚುತ್ತದೆ.

ಹೊರಗಿನ ಯೂನಿಟ್ ಅನ್ನು ವರ್ಷಕ್ಕೆ ಎರಡು ಸಲ ತೊಳೆಯಬೇಕು. ಗೋಡೆಯ ಮೇಲಿನ ಡಿಸ್ಕನೆಕ್ಟ್ ಎಳೆದು ಕರೆಂಟ್ ಪೂರ್ತಿ ತೆಗೆದ ಮೇಲೆ ತೋಟದ ಪೈಪಿನ ಮೆಲ್ಲಗಿನ ನೀರಿನಲ್ಲಿ ತೊಳೆ. ಪ್ರೆಷರ್ ವಾಷರ್ ಹಿಡಿದರೆ ಕಾಯಿಲ್‌ನ ತೆಳು ತಗಡಿನ ರೆಕ್ಕೆಗಳು ಮಡಚಿ ಹೋಗುತ್ತವೆ. ತಂಪಾಗಲೆಂದು ಅದರ ಮೇಲೆ ದಿನಾ ನೀರು ಚಿಮುಕಿಸುವ ಸಾಧನ ಮಾರುತ್ತಾರೆ, ಕೊಳ್ಳಬೇಡ. ಅಲ್ಲಿನ ಗಡಸು ನೀರು ಬಿಳಿ ಸುಣ್ಣವಾಗಿ ರೆಕ್ಕೆಗಳಿಗೆ ಮೆತ್ತಿಕೊಳ್ಳುತ್ತದೆ. ಹೊರಗಿನ ಫ್ಯಾನ್ ತಿರುಗದೆ ಬರೀ ಗುಂಯ್ ಎನ್ನುತ್ತಿದ್ದರೆ ಹೆಚ್ಚಾಗಿ ಕೆಪಾಸಿಟರ್ ಹೋಗಿರುತ್ತದೆ, ಬಿಸಿಗೆ ಮೊದಲು ಸಾಯುವ ಬಿಡಿಭಾಗ ಅದೇ. ಕೂಡಲೇ ಎಸಿ ಆರಿಸು, ಇಲ್ಲದಿದ್ದರೆ ಕಂಪ್ರೆಸರ್ ಸುಡುತ್ತದೆ. ಕೆಪಾಸಿಟರ್ ಅಗ್ಗದ ವಸ್ತು, ಆದರೆ ಕರೆಂಟ್ ತೆಗೆದ ಮೇಲೂ ಅದರಲ್ಲಿ ಶಾಕ್ ಉಳಿದಿರುತ್ತದೆ, ನೀನಾಗಲಿ ಅಳಿಯಂದಿರಾಗಲಿ ಕೈ ಹಾಕಬೇಡಿ. ಇನ್ನೊಂದು ಮಾತು, ‘ಗ್ಯಾಸ್ ಕಮ್ಮಿಯಾಗಿದೆ, ತುಂಬಿಸೋಣ’ ಎಂದರೆ ಸೋರಿಕೆ ಎಲ್ಲಿ ಎಂದು ಕೇಳು. ಗ್ಯಾಸ್ ಉರಿದು ಖರ್ಚಾಗುವ ಪದಾರ್ಥವಲ್ಲ.

ಭಾವ ಕಲಬುರಗಿಯ ಮನೆಯಂತೆ ಕೂಲರ್ ಇಟ್ಟರೆ ಆಗದೇ ಎಂದು ಕೇಳಿದರಂತೆ. ಮೇ, ಜೂನ್‌ನ ಒಣಗಾಳಿಯಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಒಂದು ಕಿಟಕಿ ಎರಡು ಇಂಚು ತೆರೆದಿರಬೇಕು. ಜುಲೈನಲ್ಲಿ ಅಲ್ಲಿಯ ಮಾನ್ಸೂನ್ ತೇವ ಬಂದಮೇಲೆ ಮನೆ ಬರೀ ಅಂಟಂಟಾಗುತ್ತದೆ. ಎಸಿ ಓಡುವಾಗ ಮಾತ್ರ ಕೂಲರ್ ಹಾಕಲೇಬಾರದು, ಕೂಲರ್ ತುಂಬಿದ ತೇವವನ್ನು ಎಸಿ ಮತ್ತೆ ಹಿಂಡಿ ತೆಗೆಯಬೇಕಾಗುತ್ತದೆ.

ಅಕ್ಕ ಭಾವ ಜೂನ್‌ನಲ್ಲಿ ಬರುವವರಿದ್ದಾರೆ. ಅವರಿರುವಾಗ 81ರ ಲೆಕ್ಕ ಬಿಡು, ಅವರ ಕೋಣೆ 78 ದಾಟಬಾರದು. ಬಿಲ್ಲು ಹೆಚ್ಚು ಬಂದರೆ ಬರಲಿ. 2023ರಲ್ಲಿ ನಿಮ್ಮ ಮ್ಯಾರಿಕೋಪಾ ಕೌಂಟಿಯಲ್ಲಿ ಬಿಸಿಲಿನ ಕಾರಣಕ್ಕೆ 645 ಜನ ಸತ್ತರು, ಮನೆಯೊಳಗೇ ಸತ್ತವರೂ ಅವರಲ್ಲಿದ್ದರು. ಜುಲೈನಲ್ಲಿ ಎಸಿ ಕೆಟ್ಟರೆ ರಿಪೇರಿಯವನು ಅವತ್ತೇ ಸಿಗುತ್ತಾನೆಂಬ ನಂಬಿಕೆ ಇಟ್ಟುಕೊಳ್ಳಬಾರದು. ಚಳಿಗಾಲದಲ್ಲೇ 6,000 ಬಿಟಿಯುನ ಸಣ್ಣ ಕಿಟಕಿ ಎಸಿ ಒಂದನ್ನು ಕೊಂಡಿಡು. ಮಾಮೂಲಿ ಪ್ಲಗ್‌ಗೇ ಹಾಕಬಹುದು, ಸುಮಾರು ಅರ್ಧ ಕಿಲೋವ್ಯಾಟ್ ಎಳೆದು ಒಂದು ಮಲಗುವ ಕೋಣೆಯನ್ನು ಕಾಪಾಡುತ್ತದೆ.

ಮುಂದೊಂದು ದಿನ ಮೆಷಿನ್ ಬದಲಿಸುವಾಗ ಮನೆಗೆ ಎಷ್ಟು ಟನ್ ಬೇಕೆಂದು ಹೇಳುವ ಮ್ಯಾನುಯಲ್ ಜೆ ಲೆಕ್ಕ ಮಾಡಿಸಿ, ಅದು ಹೇಳಿದ ಟನ್ನಿನದನ್ನೇ ಹಾಕಿಸು. ಈಗಿನ ಡಕ್ಟ್‌ಗಳಿಗೆ ನಾಲ್ಕು ಟನ್ ಗಾಳಿ ಹಿಡಿಸುವುದಿಲ್ಲ. ಇಡೀ ಬೇಸಿಗೆಯ ಸರಾಸರಿ ದಕ್ಷತೆ ಹೇಳುವ ಸೀರ್2 ಅಂಕಿಯ ಜೊತೆ ಇಇಆರ್2 ಎಷ್ಟು ಎಂದು ಕೇಳು, ಸುಡುಬಿಸಿಲಿನಲ್ಲಿ ಮೆಷಿನ್ ಹೇಗೆ ನಡೆಯುತ್ತದೆಂದು ಹೇಳುವುದು ಆ ಎರಡನೆಯದು.

ಮೊದಲು ಆ ಮೂರು ವೆಂಟ್ ಅಳತೆಗಳನ್ನೂ, ಹೊರಗಿನ ಯೂನಿಟ್ ಮೇಲೆ ಮಾಡೆಲ್ ವಿವರ ಬರೆದ ತಗಡಿನ ಫೋಟೋವನ್ನೂ ಈ ಭಾನುವಾರದೊಳಗೆ ಕಳಿಸು. ನೋಡಿ, ಕೆಲಸದವರಿಗೆ ಏನೇನು ಕೇಳಬೇಕೆಂದು ಬರೆದು ಕಳಿಸುತ್ತೇನೆ.

ಇಂತಿ ನಿನ್ನ
ಸೋದರಮಾವ