ಸ್ಪೇನ್ ದೇಶದ ಅಲ್ಬರಾಸಿನ್‌ನಲ್ಲಿ ಉಳಿದ ಮಗಳಿಗೆ

ಕೂಸೇ,

ಮೊನ್ನೆ ನೀನು ಫೋನ್ ಮಾಡಿ, ಬೆಂಗಳೂರಿನ ಕೆಲಸ ಬೇಡ ಅಂತ ಹೇಳಿಬಿಟ್ಟೆ, ಚಳಿಗಾಲ ಪೂರ್ತಿ ಇಲ್ಲೇ, ಮನೆಯ ಕರಾರಿಗೆ ಸಹಿನೂ ಆಯ್ತು ಅಂದೆ. ನಾನು ಏನೂ ಅನ್ನದೆ ಫೋನ್ ಇಟ್ಟೆ. ಸಿಗ್ನಲ್ ಹೋಯಿತು ಅಂತ ಅಪ್ಪಯ್ಯ ನಿನಗೆ ಮೆಸೇಜ್ ಹಾಕಿದರಂತೆ. ಸಿಗ್ನಲ್ ಚೆನ್ನಾಗೇ ಇತ್ತು. ಬೇಜಾರು ಮಾಡ್ಕೋಬೇಡ. ಬರೆಯುವುದೇ ನನಗೆ ಸುಲಭ. ಬರೆಯುವಾಗ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲವಲ್ಲ.

ನಾನು ನಿನ್ನಲ್ಲಿಗೆ ಬಂದಿದ್ದಾಗ, ಹತ್ತಿರದ ಪಟ್ಟಣ ತೆರುಯೆಲ್‌ನ ಬಸ್ ನಿಲ್ದಾಣದಲ್ಲಿ ನಾವಿಬ್ಬರೂ ಆಡಿದ ಮಾತನ್ನು ಇಲ್ಲಿ ಎತ್ತುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಪಕ್ಕದ ಬೆಂಚಿನಲ್ಲಿದ್ದವರಿಗೆ ಕನ್ನಡ ಬರದಿದ್ದರೂ ಗೊತ್ತಾಗಿತ್ತು.

ನಿನ್ನ ಅಲ್ಬರಾಸಿನ್ ಊರು ಚೆಂದ ಇಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಬಸ್ಸು ಕೊನೇ ತಿರುವು ತಿರುಗಿದಾಗ ಗುಡ್ಡದ ಮೈಗೆ ಅಂಟಿಕೊಂಡ ಮನೆಗಳೆಲ್ಲ ಕೆಮ್ಮಣ್ಣು ಬಳಿದ ನಮ್ಮ ಜಗಲಿಕಟ್ಟೆಯ ಹಾಗೆ ಕಂಡವು. ಕೆಳಗೆ ಗ್ವಾದಲವಿಯಾರ್ ಹೊಳೆ ಊರನ್ನು ಬಳಸಿಕೊಂಡು ಹೋಗುತ್ತದೆ. ಮೇಲೆ ಕೋಟೆಗೋಡೆ ಗುಡ್ಡ ಹತ್ತಿ ಆಂದಾದೋರ್ ಬುರುಜಿನ ತನಕ ಹೋಗುತ್ತದೆ. ಹತ್ತನೇ ಶತಮಾನದ ಬುರುಜು ಅಂತ ಹೇಳಿ ನೀನು ಹತ್ತಿಸಲು ನೋಡಿದೆ. ನನ್ನ ಮಂಡಿ ಒಪ್ಪಲಿಲ್ಲ, ಕೆಳಗೇ ಕೂತೆ. ಅಲ್ಲಿಂದ ಕಂಡಿದ್ದೇ ಸಾಕಾಗಿತ್ತು. ಓಣಿಗಳಲ್ಲಿ ಮೇಲಿನ ಮಹಡಿಗಳು ಮುಂದಕ್ಕೆ ಚಾಚಿ, ಎದುರುಬದುರು ಮನೆಯ ಸೂರು ಒಂದಕ್ಕೊಂದು ತಾಗುವುದರಲ್ಲಿವೆ. ಬಾಗಿಲು ಬಡಿಯುವ ಕಬ್ಬಿಣದ ಹಿಡಿ ಹಲ್ಲಿಯ ಆಕಾರದ್ದು, ಬಾಲ ಸುತ್ತಿಕೊಂಡಿರುತ್ತದೆ. ಡ್ರ್ಯಾಗನ್ ಅಂದೆ ನೀನು. ನನಗೆ ಅದು ಹಲ್ಲಿಯೇ.

ಚರಿತ್ರೆಯನ್ನೂ ನೀನು ದಾರಿಯುದ್ದಕ್ಕೂ ಹೇಳಿದ್ದೆ. ಬನೂ ರಝೀನ್ ಅನ್ನುವ, ಉತ್ತರ ಆಫ್ರಿಕಾ ಮೂಲದ ಬರ್ಬರ್ ಮುಸ್ಲಿಂ ಮನೆತನ ಅಲ್ಲಿ ಪುಟ್ಟ ರಾಜ್ಯ ಕಟ್ಟಿತು. ಆಮೇಲೆ ಅಸಾಗ್ರಾ ಅನ್ನುವ ಕ್ರೈಸ್ತ ಒಡೆಯರು ಬಂದರು. ಅತ್ತ ಕ್ಯಾಸ್ಟೈಲ್‌ಗೂ ಬಗ್ಗದೆ ಇತ್ತ ಆರಗಾನ್‌ಗೂ ಬಗ್ಗದೆ ನಡುವೆ ಗಟ್ಟಿಯಾಗಿ ಕೂತಿದ್ದ ಊರನ್ನು 1284ರಲ್ಲಿ ಆರಗಾನಿನ ರಾಜ ಮೂರನೇ ಪೆದ್ರೊ ಮುತ್ತಿಗೆ ಹಾಕಿ ಹಿಡಿದ. ಇದನ್ನೆಲ್ಲ ನಾನು ಅಪ್ಪಯ್ಯನಿಗೆ ಹೇಳಿದೆ. "ಯಾರಿಗೂ ಬಗ್ಗದ ಊರಾ? ಸರಿ, ಅವಳಿಗೆ ಹೊಂದುತ್ತೆ ಬಿಡು" ಅಂದರು.

ನಿನ್ನ ಕೆಲಸದ ಬಗ್ಗೆ ಅವತ್ತು ನಾನು ಒಂದು ಒಳ್ಳೇ ಮಾತೂ ಆಡಲಿಲ್ಲ. ಈಗ ಆಡುತ್ತೇನೆ. ನೀನು ಆ ಹಳೇ ಗೋಡೆಯ ಮುಂದೆ ಮಂಡಿಯೂರಿ ಕೂತು, ಚಿಕ್ಕ ಬಾಣಲೆಯಲ್ಲಿ ಕೆಂಪು ಜಿಪ್ಸಮ್ ಪುಡಿ ಸುರಿದು ನೀರಿಗೆ ಕಲಸಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಎರಡು ಮುಷ್ಟಿ ಅಷ್ಟೇ ಕಲಸಿದೆ. ಯಾಕಿಷ್ಟು ಕಮ್ಮಿ ಅಂತ ಕೇಳಿದ್ದಕ್ಕೆ, ಇದು ಸುಣ್ಣದ ಗಾರೆಯ ಹಾಗಲ್ಲ ಆಯಿ, ಬೇಗ ಬಿಗಿಯುತ್ತೆ, ಜಾಸ್ತಿ ಕಲಸಿದರೆ ಬಾಣಲೆಯಲ್ಲೇ ಕಲ್ಲಾಗುತ್ತೆ ಅಂದೆ. ಮಾತಾಡ್ತಾ ಆಡ್ತಾ ಹೆಬ್ಬೆರಳಲ್ಲಿ ಬಿರುಕಿಗೆ ಒತ್ತಿ, ಕರಣೆಯಲ್ಲಿ ಸವರಿ, ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟೆ. ಹಳೇದು ಎಲ್ಲಿ ಮುಗಿಯಿತು, ನಿನ್ನದು ಎಲ್ಲಿ ಶುರುವಾಯಿತು ಅಂತ ಹುಡುಕಿದೆ, ಸಿಗಲಿಲ್ಲ. ಆರ್ಕಿಟೆಕ್ಟ್ ಅಂದರೆ ಏಸಿ ರೂಮಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು ಅಂದುಕೊಂಡಿದ್ದೆ. ನಿನ್ನ ಉಗುರು ನೋಡಿ ಹೊಟ್ಟೆ ಚುರ್ ಅಂತು. ಆದರೆ ಶಿರಸಿಯಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದವರಿಗೆಲ್ಲ ಆ ಗೋಡೆಯ ಫೋಟೋ ತೋರಿಸಿಕೊಂಡು ತಿರುಗಿದ್ದು ನಾನೇ.

ನನ್ನ ತಲೆಯಲ್ಲಿ ಕೂತಿರುವುದು ಗೋಡೆಯಲ್ಲ. ಆ ಭಾನುವಾರದ ಸಂಜೆ.

ಅದಕ್ಕೂ ಮೊದಲು, ಏಪ್ರಿಲ್ 30ರ ರಾತ್ರಿ, ಊರು ತುಂಬಿ ತುಳುಕುತ್ತಿತ್ತು. ಮೇ ತಿಂಗಳನ್ನು ಬರಮಾಡಿಕೊಳ್ಳುವ ಮಾಯೋಸ್ ಹಾಡು ಅಂತ ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕರೆದುಕೊಂಡು ಹೋದೆ. ಗಿಟಾರ್ ಹಿಡಿದವರು ಮೊದಲು ಮೇರಿ ಮಾತೆಗೆ ಹಾಡಿ, ಆಮೇಲೆ ಊರ ಹೆಣ್ಣುಮಕ್ಕಳಿಗೆ ಹಾಡುತ್ತಾ ಓಣಿ ಓಣಿ ಸುತ್ತಿದರು. ಇಂಥ ಊರಲ್ಲಿ ಮಗಳಿದ್ದಾಳೆ, ಹೆದರಿಕೆ ಏನು ಅಂತ ಅನಿಸಿತ್ತು, ನಿಜ.

ಭಾನುವಾರ ಸಂಜೆ ಏನಾಯ್ತು ನೋಡು. ಊಟದ ಹೊತ್ತಿಗೆ ಊರ ಚೌಕ ಪ್ಲಾಸಾ ಮಯೋರ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಸೂರ್ಯ ಇಳಿಯುವ ಹೊತ್ತಿಗೆ ಕಾರುಗಳೆಲ್ಲ ಸಾಲಾಗಿ ಹೊರಟವು, ಝರಗೋಝಾ ಕಡೆಗೆ ಒಂದಿಷ್ಟು, ವಲೆನ್ಸಿಯಾ ಕಡೆಗೆ ಒಂದಿಷ್ಟು. ನೀನು ಒಳಗೆ ಅನ್ನಕ್ಕಿಟ್ಟಿದ್ದೆ. ನಾನು ನಿನ್ನ ಮರದ ಬಾಲ್ಕನಿಯಲ್ಲಿ ನಿಂತಿದ್ದೆ. ಬೀದಿದೀಪ ಹತ್ತಿತು. ಮನೆಗಳ ದೀಪವೂ ಹತ್ತುತ್ತೆ ಅಂತ ಕಾದೆ. ಎದುರಿನ ಸಾಲಿನಲ್ಲಿ ಒಂದೂ ಹತ್ತಲಿಲ್ಲ. ಎಡಕ್ಕೆ ಇಣುಕಿದೆ, ಅಲ್ಲೂ ಇಲ್ಲ. ಕೆಳಗಿನ ಓಣಿಯ ಅಜ್ಜಿಯ ಅಡುಗೆಮನೆಯಲ್ಲಿ ಮಾತ್ರ ಹಳದಿ ಬೆಳಕು. ಬಾಕಿ ಮನೆಗಳು ರಜೆಗೆ ಬಂದು ಹೋಗುವವರದ್ದು, ಇಲ್ಲ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವಂಥದ್ದು ಅಂತ ನೀನು ಹುಳಿ ಕುದಿಸುತ್ತಾ ಆರಾಮಾಗಿ ಹೇಳಿದೆ. ನಿನಗೆ ಅದು ಮಾಮೂಲು.

ನನಗೆ ಅವತ್ತಿಂದ ಆ ಕತ್ತಲೆ ಕಿಟಕಿಗಳೇ. ಇಲ್ಲಿ ದನಕ್ಕೆ ಹುಲ್ಲು ಹಾಕುವಾಗಲೂ ಅದೇ, ದೇವರ ಮುಂದೆ ದೀಪ ಹಚ್ಚುವಾಗಲೂ ಅದೇ. ಆ ಕಲ್ಲಿನ ಮೆಟ್ಟಿಲು ಎಷ್ಟು ಕಡಿದು ಅಂತ ನನಗೆ ಗೊತ್ತು, ಬಿಸಿಲಲ್ಲೇ ಗೋಡೆ ಹಿಡಿದು ಇಳಿದವಳು. ಜನವರಿಯಲ್ಲಿ ಅದರ ಮೇಲೆ ಮಂಜುಗಡ್ಡೆ ಕೂತಿರುತ್ತದೆ. ರಾತ್ರಿ ಎಂಟು ಗಂಟೆಗೆ ನೀನು ಜಾರಿ ಬಿದ್ದೆ ಅಂದುಕೋ. ಕೂಗಿದರೆ ಯಾರಿಗೆ ಕೇಳಬೇಕು? ಕಿಟಕಿ ಇದೆ, ಕಿವಿ ಇಲ್ಲ. ಆರೋಗ್ಯ ಕೇಂದ್ರ ಇದೆ, 112ಕ್ಕೆ ಒತ್ತಿದರೆ ಬರುತ್ತಾರೆ ಅಂತೀಯ. ಒತ್ತುವುದಕ್ಕೆ ಫೋನು ಕೈಯಲ್ಲಿ ಇರಬೇಕಲ್ಲ? ನೀನು ಅದನ್ನು ಯಾವಾಗಲೂ ಹಾಸಿಗೆ ಮೇಲೆ ಬಿಟ್ಟು ಓಡುವವಳು. ದೊಡ್ಡಾಸ್ಪತ್ರೆಗೆ ತೆರುಯೆಲ್‌ಗೇ ಹೋಗಬೇಕು, ಹತ್ತಿರ ಹತ್ತಿರ ನಲವತ್ತು ಕಿಲೋಮೀಟರ್, ಗುಡ್ಡದ ದಾರಿ.

ಇದನ್ನೇ ಎಷ್ಟು ಸಲ ಹೇಳ್ತೀಯ ಅನ್ನಬೇಡ. ಇನ್ನೂ ಹೇಳುವುದಿದೆ.

ಭೂಗೋಳ ಪಾಠ ಮಾಡಿದವಳು ನಾನು, ಲೆಕ್ಕ ಹಾಕದೆ ಇರೋಕಾಗಲ್ಲ. ಅಲ್ಬರಾಸಿನ್ ಸಮುದ್ರಮಟ್ಟದಿಂದ ಸುಮಾರು 1,180 ಮೀಟರ್ ಮೇಲೆ, ಜನ ಸಾವಿರದ ಆಸುಪಾಸು. ತೆರುಯೆಲ್ ಪ್ರಾಂತ್ಯ 14,800 ಚದರ ಕಿಲೋಮೀಟರ್, ಜನ 1.35 ಲಕ್ಷದಷ್ಟು. ನಮ್ಮ ಉತ್ತರ ಕನ್ನಡ ಹತ್ತು ಸಾವಿರದ ಚಿಲ್ಲರೆ ಚದರ ಕಿಲೋಮೀಟರ್, 2011ರ ಜನಗಣತಿಯಲ್ಲೇ 14 ಲಕ್ಷ ದಾಟಿತ್ತು. ಕಾಡು ಜಿಲ್ಲೆ ಅನಿಸಿಕೊಂಡ ನಮ್ಮದಕ್ಕಿಂತ ಅದು ಒಂದೂವರೆ ಪಟ್ಟು ದೊಡ್ಡದು, ಜನ ನಮ್ಮ ಹತ್ತರಲ್ಲಿ ಒಂದು ಪಾಲೂ ಇಲ್ಲ. ಚಳಿಯಂತೂ ಕೇಳಬೇಡ. ಅದೇ ಪ್ರಾಂತ್ಯದ ಕಲಾಮೋಚಾದಲ್ಲಿ 1963ರ ಡಿಸೆಂಬರಿನಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿದಿತ್ತು. ಹಳೇ ಕಥೆ ಅನ್ನುತ್ತೀಯಾ? 2021ರ ಜನವರಿಯಲ್ಲಿ ಫಿಲೋಮೆನಾ ಹಿಮಗಾಳಿ ಬಂದು ಹೋದ ಮೇಲೆ ತೆರುಯೆಲ್ ಪಟ್ಟಣದಲ್ಲೇ ಸೊನ್ನೆಗಿಂತ 20 ಡಿಗ್ರಿಗೂ ಕೆಳಗೆ ಹೋಗಿತ್ತು. ನೀನು ಶಿರಸಿಯ ಡಿಸೆಂಬರಿನಲ್ಲಿ ಒಲೆ ಮುಂದಿನಿಂದ ಏಳದವಳು.

ಕಿಟಕಿ ಬಾಗಿಲು ಮುಚ್ಚಿಕೊಂಡು ಕಟ್ಟಿಗೆ ಒಲೆ ಉರಿಸಿ ಮಲಗಬೇಡ. ಆ ಹೊಗೆಯಲ್ಲಿರುವ ವಿಷಗಾಳಿಗೆ ವಾಸನೆ ಇರುವುದಿಲ್ಲ, ಗೊತ್ತಾಗದ ಹಾಗೆ ಜೀವ ತೆಗೆಯುತ್ತದೆ. ಚಿಮಣಿ ಯಾವಾಗ ಗುಡಿಸಿದ್ದು ಅಂತ ಮನೆಯವರನ್ನು ಕೇಳು. ಆ ಬಟ್ಟೆಯ ಶೂ ಬಿಸಾಕಿ ಒಳ್ಳೇದು ತಗೋ, ದುಡ್ಡು ಅಪ್ಪಯ್ಯ ಹಾಕುತ್ತಾರೆ. ಬೇಡ ಅನ್ನಬೇಡ, ಸುಮ್ನೆ ತಗೋ. ಅನ್ನ ಸಾರು ಮಾಡಲು ಬೇಜಾರಾಗಿ ಬ್ರೆಡ್ಡು ಟೊಮೇಟೊ ತಿಂದು ದಿನ ಕಳೆಯಬೇಡ. ಒಬ್ಬಳೇ ಇರುವವಳು ಎರಡು ಹೊತ್ತು ಬಿಸಿ ಊಟ ಮಾಡಬೇಕು. ಯಾಕೆಂದರೆ ಮನುಷ್ಯ ಒಂಟಿಯಾದಾಗ ಮೊದಲು ಅಸಡ್ಡೆ ಮಾಡುವುದು ಊಟವನ್ನು, ಆಮೇಲೆ ಸ್ನಾನ, ಆಮೇಲೆ... ಇರಲಿ. ಪಾಠ ಆಯ್ತು ಅಲ್ವಾ? ನಿವೃತ್ತಿ ಆದರೂ ಚಟ ಹೋಗಿಲ್ಲ.

ಅವತ್ತು ರಾತ್ರಿ ಕಿಟಕಿಗಳ ವಿಷಯ ಎತ್ತಿದಾಗ ನೀನೊಂದು ಪ್ರಶ್ನೆ ಕೇಳಿದ್ದೆ. "ನಮ್ಮ ಕೇರಿಯಲ್ಲಿ ಈಗ ಎಷ್ಟು ಮನೆಯಲ್ಲಿ ದೀಪ ಹತ್ತುತ್ತೆ ಆಯಿ?" ನಾನು ಹುಳಿಗೆ ಉಪ್ಪು ಕಮ್ಮಿ ಅಂದೆ.

ಈಗ ಹೇಳುತ್ತೇನೆ. ಮೇಲಿನ ಮನೆಯವರು ಬೆಂಗಳೂರಿಗೆ ಮಗನ ಹತ್ತಿರ ಹೋದರು, ತೋಟ ಗುತ್ತಿಗೆಗೆ ಕೊಟ್ಟಿದ್ದಾರೆ. ಅಂಚಿನ ಮನೆಗೆ ಬೀಗ ಬಿದ್ದು ನಾಲ್ಕು ಮಳೆಗಾಲ ಆಯಿತು, ಹಿಂದಿನ ಗೋಡೆ ಕುಸಿದಿದೆ. ದೊಡ್ಡಮನೆ ಅಜ್ಜಿ ಬಚ್ಚಲಲ್ಲಿ ಬಿದ್ದ ಸಂಗತಿ ನಿನಗೆ ಪೂರ್ತಿ ಹೇಳಿರಲಿಲ್ಲ. ರಾತ್ರಿ ಬಿದ್ದವರು ಬೆಳಿಗ್ಗೆ ಹಾಲು ತರುವವನು ಕೂಗುವ ತನಕ ಅಲ್ಲೇ ಇದ್ದರು. ಹತ್ತು ಮಾರು ದೂರದ ನನಗೆ ಕೇಳಿಸಿರಲಿಲ್ಲ. ಟಿವಿ ಹಾಕಿಕೊಂಡಿದ್ದೆ. ಆಮೇಲೆ ಅವರನ್ನು ಹುಬ್ಬಳ್ಳಿಗೆ ಒಯ್ಯಬೇಕಾಯಿತು. ಜಿಲ್ಲೆಗೊಂದು ದೊಡ್ಡಾಸ್ಪತ್ರೆ ಬೇಕು, ಇಲ್ಲದಿದ್ದರೆ ವೋಟಿಲ್ಲ ಅಂತ 2022ರಲ್ಲಿ ನಮ್ಮವರು ಕೂಗಿದ್ದು ನೆನಪಿದೆಯಲ್ಲ? ನಿನ್ನ ತೆರುಯೆಲ್‌ನವರೂ 1999ರಿಂದ "ತೆರುಯೆಲ್ ಕೂಡ ಇದೆ" ಅಂತ ಕೂಗಿ ಕೂಗಿ 2019ರಲ್ಲಿ ಸಂಸತ್ತಿಗೆ ತಮ್ಮವರೊಬ್ಬರನ್ನು ಕಳಿಸಿದರು ಅಂದಿದ್ದೆ. ಅವರೂ ಆರ್ಕಿಟೆಕ್ಟೇ ಅಂತ ನೀನು ಬೀಗಿದ್ದೂ ನೆನಪಿದೆ.

ಅದಕ್ಕೇ ನನಗೆ ಸಿಟ್ಟು. ಖಾಲಿ ಆಗುತ್ತಿರುವ ಊರು ಬಿಟ್ಟು ಹೋದೆ, ಸರಿ. ಓದಿಸಿದ್ದೇ ಹೋಗಲಿ ಅಂತ. ಹೋಗಿ ಮಹಾನಗರ ಸೇರಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ನಾನಂತೂ ಅನ್ನುತ್ತಿರಲಿಲ್ಲ. ನೀನು ಸಮುದ್ರ ದಾಟಿ ಇನ್ನೊಂದು ಖಾಲಿ ಊರು ಹುಡುಕಿಕೊಂಡು, ಅವರ ಗೋಡೆಗೆ ಗಾರೆ ಹಚ್ಚುತ್ತಾ ಕೂತಿದ್ದೀಯ. ಇಲ್ಲಿ ಅಂಚಿನ ಮನೆಯ ಗೋಡೆ ಮಳೆಗೆ ಕರಗಿ ಅಂಗಳಕ್ಕೆ ಹರಿಯುತ್ತಿದೆ. ಬಾ ಅಂತ ಹೇಳುತ್ತಿಲ್ಲ. ಬಂದರೂ ಇಲ್ಲಿ ಈ ಗೋಡೆಗೆ ಸಂಬಳ ಕೊಡುವವರು ಯಾರೂ ಇಲ್ಲ, ಅಲ್ಲಿ ಇದ್ದಾರೆ. ಅಷ್ಟು ಬುದ್ಧಿ ನನಗೂ ಇದೆ. ಆದರೂ ಸಿಟ್ಟು ಬರುತ್ತೆ, ಏನು ಮಾಡಲಿ?

ಬೆಂಗಳೂರಿನ ಕೆಲಸ ಬಿಟ್ಟಿದ್ದಕ್ಕೆ ಅಪ್ಪಯ್ಯನಿಗೆ ಬೇಸರ ಇಲ್ಲ. ಅವರು ಕೇಳುವುದೊಂದೇ, ಆ ಕೆಂಪು ಜಿಪ್ಸಮ್ಮು ನಮ್ಮ ಮಳೆಗೆ ತಡೆಯುತ್ತದಾ ಅಂತ. ತಡೆಯುವುದಿಲ್ಲ, ಅದು ಒಣ ಸೀಮೆಯ ಗಾರೆ ಅಂತ ನೀನು ಅಂದಿದ್ದನ್ನೇ ನಾನೂ ಹೇಳಿದೆ. ಅವರಿಗೆ ನಂಬಿಕೆ ಇಲ್ಲ, ನೀನೇ ಬಾಯಿಬಿಟ್ಟು ಹೇಳಬೇಕಂತೆ. ಅಡಿಕೆಯ ಕೊನೆಕೊಯ್ಲು ಮುಗಿದ ಮೇಲೆ ಫೋನ್ ಮಾಡುತ್ತಾರೆ.

ಇನ್ನೊಂದು ವಿಷಯ. ಕೆಳಗಿನ ಓಣಿಯ ಆ ಅಜ್ಜಿ. ನೀನು ಕೆಲಸಕ್ಕೆ ಹೋದಾಗ ದಿನಾ ಬಾಗಿಲಿಗೆ ಬರುತ್ತಿದ್ದರು. ಮೊದಲ ದಿನ ತಟ್ಟೆಯಲ್ಲಿ ಹಂದಿಮಾಂಸ ತಂದರು, ತೆಳ್ಳಗೆ ಹೆಚ್ಚಿದ್ದು. ನಾನು ಕೈ ಮುಗಿದು ತಲೆ ಆಡಿಸಿದೆ. ಬೇಜಾರಾಯಿತೇನೋ ಅಂದುಕೊಂಡೆ, ಮಾರನೇ ದಿನ ಬಾದಾಮಿ ತಂದರು. ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಅವರು ತಮ್ಮ ಬಲ ಮಂಡಿ ತಟ್ಟಿ ಮುಖ ಕಿವುಚಿದರು. ನಾನು ನನ್ನ ಎರಡೂ ಮಂಡಿ ತಟ್ಟಿ ತೋರಿಸಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅರ್ಧ ಗಂಟೆ ಅವರ ಭಾಷೆಯಲ್ಲಿ ಅವರು, ನಮ್ಮ ಭಾಷೆಯಲ್ಲಿ ನಾನು. ನಿನ್ನ ಬಾಲ್ಕನಿ ಕಡೆ ಕೈ ತೋರಿಸಿ ಏನೋ ದೂರು ಹೇಳಿದರು. ನೀನು ರಾತ್ರಿ ತಡವಾಗಿ ಮಲಗುವುದರ ಬಗ್ಗೆಯೇ ಇರಬೇಕು, ನಾನೂ ಹೌದು ಹೌದು ಅಂದೆ.

ನಿನ್ನ ಮನೆಯ ಇನ್ನೊಂದು ಕೀಲಿ ಅವರ ಕೈಗೆ ಕೊಡು. ನಾಳೆ ಅನ್ನಬೇಡ, ಈ ಪತ್ರ ಓದಿ ಮುಗಿಸಿದ ಕೂಡಲೇ ಹೋಗಿ ಕೊಟ್ಟು ಬಾ. ಬರುವಾಗ ಅವರ ಫೋನ್ ನಂಬರ್ ಬರೆಸಿಕೊಂಡು ನನಗೆ ಕಳಿಸು. ನೀನು ಫೋನ್ ಎತ್ತದಿದ್ದ ದಿನ ನಾನು ಅವರಿಗೆ ಮಾಡುತ್ತೇನೆ. ನಿನ್ನ ಹೆಸರು ಎರಡು ಸಲ ಕೂಗಿ ಹೇಳಿದರೆ ಅವರಿಗೆ ಅರ್ಥ ಆಗುತ್ತದೆ.

ಇತಿ,
ನಿನ್ನ ಆಯಿ