ಒಂದು ಟ್ಯಾಂಕ್, ಒಬ್ಬ ಸ್ಯಾಪರ್, ಎರಡು ಸಾವಿರ ಚಿಲ್ಲರೆ ರೂಪಾಯಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಕಳೆದ ಭಾನುವಾರ ಓದುಗರ ಅಂಕಣದಲ್ಲಿ ತಾಯಿಯೊಬ್ಬರ ಪತ್ರ ಓದಿದೆ. ಒಂಬತ್ತನೇ ತರಗತಿಯ ಮಗನಿಗೆ ಪುಟ್ಟ ಟ್ಯಾಂಕು, ಸೈನಿಕರನ್ನು ಜೋಡಿಸಿ ಯುದ್ಧದ ದೃಶ್ಯ ಮಾಡುವ ಆಸೆ. ಡಯೋರಾಮಾ ಅಂತಾರೆ ಅದಕ್ಕೆ. ಅಂಗಡಿಗೆ ಹೋಗಿ ವಿಚಾರಿಸಿದರೆ ಬಿಡಿಭಾಗಗಳ ಕಿಟ್, ಬಣ್ಣ, ಬಣ್ಣ ಸಿಂಪಡಿಸುವ ಏರ್‌ಬ್ರಶ್, ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್ ಎಲ್ಲ ಸೇರಿ 18 ಸಾವಿರ ಹೇಳಿದರಂತೆ. ‘ಇದು ದುಡ್ಡಿದ್ದವರ ಮಕ್ಕಳ ಆಟ ಕಣಪ್ಪ ಅಂದೆ. ಅವನು ಏನೂ ಮಾತಾಡದೆ ಎದ್ದು ಹೋದ’ ಎಂದು ಆ ತಾಯಿ ಬರೆದಿದ್ದರು. ಆ ಸಾಲು ವಾರವಿಡೀ ನನ್ನ ತಲೆಯಲ್ಲೇ ಉಳಿಯಿತು. ಅದಕ್ಕೇ ಈ ಪತ್ರ.

ನಾನು ಪೀಣ್ಯದಲ್ಲಿ 33 ವರ್ಷ ಲೇತ್ ಆಪರೇಟರ್ ಆಗಿದ್ದವನು. ಈಗ ನಿವೃತ್ತ. ಹೋದ ವರ್ಷ ನನ್ನ ಮೊದಲ ಡಯೋರಾಮಾ ಮಾಡಿ ಮುಗಿಸಿದೆ. ಆದ ಖರ್ಚು 2,120 ರೂಪಾಯಿ. ಲೆಕ್ಕ ಬರೆದಿಟ್ಟಿದ್ದೇನೆ.

ಯಾಕೆ ಮಾಡಿದೆ ಅನ್ನುವುದನ್ನು ಮೊದಲು ಹೇಳಬೇಕು. ಮಾಡಿದ್ದರಲ್ಲಿ ಅರ್ಧ ಅದರಿಂದಲೇ ಬಂತು. ನಮ್ಮ ತಂದೆ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಸ್ಯಾಪರ್ ಅಂದರೆ ಸೈನ್ಯದ ಇಂಜಿನಿಯರ್ ಪಡೆಯ ಸಿಪಾಯಿ. ಎಂಇಜಿ (ಮದ್ರಾಸ್ ಇಂಜಿನಿಯರ್ ಗ್ರೂಪ್) ಅಂದರೆ ಹಲಸೂರಿನವರಿಗೆಲ್ಲ ಗೊತ್ತು. 1780ರಲ್ಲಿ ಶುರುವಾದ ಪಡೆ ಅದು, 1834ರಿಂದ ನಮ್ಮ ಬೆಂಗಳೂರಿನಲ್ಲೇ ನೆಲೆ. ಕೆರೆಯ ಆಚೆಯಿಂದ ಬೆಳಗ್ಗೆ ಬರುವ ಬಿಗಿಲಿನ ಶಬ್ದಕ್ಕೆ ಎದ್ದು ಬೆಳೆದವರು ನಾವು. 1971ರ ಯುದ್ಧದಲ್ಲಿ ಅಪ್ಪ ಪಾಕಿಸ್ತಾನದ ಶಕರ್‌ಗಢದ ಕಡೆ, ಬಸಂತರ್ ನದಿಯ ಹತ್ತಿರ ಇದ್ದರು. ಮನೆಯಲ್ಲಿ ಯುದ್ಧದ ಮಾತೇ ಎತ್ತುತ್ತಿರಲಿಲ್ಲ. ಒಂದೇ ಒಂದು ಸಲ ಹೇಳಿದ್ದು ನೆನಪಿದೆ. ‘ಟ್ಯಾಂಕ್ ಎಲ್ಲರಿಗೂ ಕಾಣುತ್ತೆ. ಅದರ ಮುಂದೆ ಮಂಡಿಯೂರಿ ನೆಲ ಚುಚ್ಚಿಕೊಂಡು ಹೋಗೋನು ಯಾರಿಗೂ ಕಾಣಲ್ಲ.’

ಡಿಸೆಂಬರ್ 15ರ ರಾತ್ರಿ ಅಲ್ಲಿ ಸ್ಯಾಪರ್‌ಗಳು ಮೈನ್ (ನೆಲಬಾಂಬ್) ಹುಗಿದ ನೆಲವನ್ನು ಕಡ್ಡಿಯಿಂದ ಚುಚ್ಚಿ ನೋಡುತ್ತ, ಟ್ಯಾಂಕ್‌ಗಳಿಗೆ ದಾರಿ ಬಿಡಿಸುತ್ತಿದ್ದರು. ಕೆಲಸ ಅರ್ಧ ಆಗಿತ್ತು ಅಷ್ಟೇ. ಅಷ್ಟರಲ್ಲಿ ನದಿಯಾಚೆ ಶತ್ರು ಟ್ಯಾಂಕ್‌ಗಳು ಓಡಾಡುತ್ತಿವೆ ಎಂದು ಸುದ್ದಿ ಬಂತು. ನಮ್ಮ 17 ಪೂನಾ ಹಾರ್ಸ್ ಎಂಬ ಟ್ಯಾಂಕ್ ಪಡೆಯ ಸೆಂಚುರಿಯನ್ ಟ್ಯಾಂಕ್‌ಗಳು ದಾರಿ ಪೂರ್ತಿ ಆಗುವವರೆಗೂ ಕಾಯದೆ ಅದೇ ನೆಲದಲ್ಲಿ ನುಗ್ಗಿ ಹೋದವು. ಮಾರನೇ ದಿನ ಅದೇ ಪಡೆಯ ಅಧಿಕಾರಿ ಅರುಣ್ ಖೇತ್ರಪಾಲ್ ಹೋರಾಡಿ ಮಡಿದದ್ದು ಅಲ್ಲಿಯೇ. ಆಗ ಅವರಿಗೆ 21 ವರ್ಷ. ಪರಮವೀರ ಚಕ್ರ ಬಂತು. ಅವರ ಟ್ಯಾಂಕಿನ ಕಥೆ ಎಲ್ಲರೂ ಹೇಳುತ್ತಾರೆ, ಹೇಳಲೇಬೇಕು. ನಾನು ಮಾಡಬೇಕೆಂದುಕೊಂಡದ್ದು ಅಪ್ಪ ಹೇಳಿದ ಆ ಮಂಡಿಯೂರಿದವನನ್ನು.

ಈಗ ದುಡ್ಡಿನ ವಿಷಯ. ಉಳಿತಾಯ ಶುರುವಾಗುವುದು ಅಳತೆಯಲ್ಲಿ. ಅಂಗಡಿಯವರು ಮೊದಲು ತೋರಿಸುವುದು 1:35 ಅಳತೆಯ ಕಿಟ್, ಅಂದರೆ ನಿಜವಾದದ್ದರ 35ನೇ ಒಂದು ಭಾಗ. ಜಪಾನಿನ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿದಾಗ ಒಳಗೆ ಮೋಟಾರು, ಬ್ಯಾಟರಿ ಹಿಡಿಸುವ ಹಾಗೆ ಇಟ್ಟುಕೊಂಡ ಅಳತೆ ಅದು. ಆಮೇಲೆ ಎಲ್ಲರೂ ಅದನ್ನೇ ಹಿಡಿದರು. ನೋಡಲು ಬಹಳ ಚೆಂದ, ಆದರೆ ದುಬಾರಿ. ಸೆಂಚುರಿಯನ್ ಟ್ಯಾಂಕಿನ ಒಡಲು 7.6 ಮೀಟರ್. 1:35ರಲ್ಲಿ ಅದು ಸುಮಾರು 22 ಸೆಂ.ಮೀ., 1:72ರಲ್ಲಿ ಹತ್ತೂವರೆ. ನಿಂತ ಮನುಷ್ಯ 1:72ರಲ್ಲಿ 2.4 ಸೆಂ.ಮೀ., ಹೆಬ್ಬೆರಳ ಮೊದಲ ಗೆಣ್ಣಿಗಿಂತ ಚಿಕ್ಕವನು. ಅಳತೆ ಚಿಕ್ಕದಾದರೆ ಕಿಟ್ ಅಗ್ಗ, ಬಣ್ಣ ಕಡಿಮೆ, ನೆಲ ಕಡಿಮೆ, ಇಡುವುದಕ್ಕೆ ಒಂದು ಫೋಟೋ ಫ್ರೇಮ್ ಸಾಕು. ಮೊದಲ ಸಲ ಮಾಡುವ ಮಗುವಿಗೆ 1:72 ಅಳತೆಯ ಒಂದೇ ಒಂದು ಟ್ಯಾಂಕ್ ಕೊಡಿಸಿ. ಎರಡು ಬೇಡ.

ನನಗೆ ಕಿಟ್ ಸಿಕ್ಕಿದ್ದು ಇಂದಿರಾನಗರದ ಒಬ್ಬ ಇಂಜಿನಿಯರ್ ಹತ್ತಿರ. ಮನೆ ಖಾಲಿ ಮಾಡುವಾಗ ಕಟ್ಟದೆ ಇಟ್ಟಿದ್ದ ಡಬ್ಬಗಳನ್ನು ಮಾರುತ್ತಿದ್ದರು. 1,150ಕ್ಕೆ ಕೊಟ್ಟರು, ಮೇಲೆ ಎರಡನೇ ಮಹಾಯುದ್ಧದ ಪ್ಲಾಸ್ಟಿಕ್ ಸಿಪಾಯಿಗಳ ಒಂದು ಡಬ್ಬ ಸುಮ್ನೆ ಕೊಟ್ಟರು. ಅಂಟು 280, ಜೆ.ಸಿ. ರಸ್ತೆಯಲ್ಲಿ ಬೈಕಿಗೆ ಹೊಡೆಯುವ ಪ್ರೈಮರ್ ಸ್ಪ್ರೇ 220, ಅವೆನ್ಯೂ ರಸ್ತೆಯಲ್ಲಿ ಅಕ್ರಿಲಿಕ್ ಬಣ್ಣದ ಆರು ಸಣ್ಣ ಬಾಟಲಿಗೆ 180, ಎರಡು ಬ್ರಶ್‌ಗೆ 90, ಫ್ರೇಮಿಗೆ 160, ಸ್ವಲ್ಪ ವಾಲ್ ಪುಟ್ಟಿಗೆ 40. ನೆಲದ ಅಡಿಗೆ ಹಾಕುವ ಥರ್ಮೋಕೋಲ್ ಪಕ್ಕದ ಮನೆಯ ಹೊಸ ಟಿವಿ ಡಬ್ಬದಿಂದ ಬಂತು. ಏರ್‌ಬ್ರಶ್ ಇಲ್ಲ, ಕಂಪ್ರೆಸರ್ ಇಲ್ಲ. ಬಿಡಿಭಾಗ ಕತ್ತರಿಸಲು ಮನೆಯ ನೇಲ್ ಕಟರ್, ನಯ ಮಾಡಲು ಎಮರಿ ಪೇಪರ್.

ಅಂಟಿನ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು, ಮಕ್ಕಳು ಎಡವುವುದು ಇಲ್ಲಿಯೇ. ಪ್ಲಾಸ್ಟಿಕ್ ಕಿಟ್‌ನ ಅಂಟು ನಿಜವಾಗಿ ಅಂಟೇ ಅಲ್ಲ. ಅದು ಪ್ಲಾಸ್ಟಿಕ್ಕನ್ನು ಕರಗಿಸಿ ಎರಡನ್ನು ಒಂದು ಮಾಡುತ್ತದೆ. ಹಾಗಾಗಿ ಬಳಿಯಬಾರದು. ಎರಡು ಭಾಗ ಜೋಡಿಸಿ ಹಿಡಿದು, ಸಂದಿಗೆ ಬ್ರಶ್ಶಿನ ತುದಿಯಿಂದ ಒಂದು ಹನಿ ಮುಟ್ಟಿಸಿದರೆ ಸಾಕು, ತಾನೇ ಒಳಗೆ ಹರಿದುಹೋಗುತ್ತದೆ. ಸಿಪಾಯಿಗಳ ಮೆತ್ತನೆ ಪ್ಲಾಸ್ಟಿಕ್‌ಗೆ ಮಾತ್ರ ಇದು ಹಿಡಿಯುವುದಿಲ್ಲ. ಅವುಗಳ ಮೇಲೆ ಬಣ್ಣವೂ ನಿಲ್ಲುವುದಿಲ್ಲ, ಬಗ್ಗಿಸಿದರೆ ಉದುರುತ್ತದೆ. ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ನೀರು ಬೆರೆಸಿದ ಫೆವಿಕಾಲ್ ಒಂದು ಸಲ ಬಳಿದು ಆಮೇಲೆ ಬಣ್ಣ ಹಚ್ಚಿದರೆ ನಿಲ್ಲುತ್ತದೆ. ಸ್ಪ್ರೇ ಹೊಡೆಯುವುದು ತಾರಸಿಯ ಮೇಲೆ, ಬಾಯಿ ಮೂಗಿಗೆ ಮಾಸ್ಕ್ ಹಾಕಿಕೊಂಡು, ದೊಡ್ಡವರು ಜೊತೆಗಿದ್ದಾಗ.

ಟ್ಯಾಂಕಿನ ಹಸಿರಿಗೆ ಬೇರೆ ಬಾಟಲಿ ತರಲಿಲ್ಲ. ಹಳದಿಗೆ ಚೂರು ಚೂರೇ ಕಪ್ಪು ಸೇರಿಸುತ್ತ ಹೋದರೆ ಮಿಲಿಟರಿ ಹಸಿರು ಬರುತ್ತದೆ. ಕೊನೆಗೆ ಒಂದು ಹನಿ ಬಿಳಿ ಹಾಕಿ. ಚಿಕ್ಕ ವಸ್ತುವಿನ ಮೇಲೆ ಬಣ್ಣ ಕಪ್ಪಾಗಿ ಕಾಣುತ್ತದೆ, ಸ್ವಲ್ಪ ತಿಳಿಯಾದರೇ ಚೆನ್ನ.

ಆದರೆ ಸ್ವಾಮಿ, ದೃಶ್ಯವನ್ನು ಹಿಡಿದು ನಿಲ್ಲಿಸುವುದು ನೆಲ. ಟ್ಯಾಂಕ್ ಕಟ್ಟಲು ನನಗೆ ಎರಡು ವಾರ ಹಿಡಿಯಿತು, ನೆಲಕ್ಕೆ ಎರಡು ತಿಂಗಳು. ಮೊದಲ ಸಲ ಹಾಳು ಮಾಡಿಕೊಂಡೆ. ಸೋಸಿದ ಟೀ ಪುಡಿ ಒಳ್ಳೆಯ ಕಪ್ಪು ಮಣ್ಣಿನ ಹಾಗೆ ಕಾಣುತ್ತದೆ ಎಂದು ಯಾರೋ ಹೇಳಿದ್ದರು. ಜುಲೈ ತಿಂಗಳು, ಹೊರಗೆ ಜಡಿಮಳೆ. ಪುಡಿ ಸರಿಯಾಗಿ ಒಣಗುವ ಮೊದಲೇ ಫೆವಿಕಾಲ್ ಹಚ್ಚಿ ಉದುರಿಸಿದೆ. ಒಂದು ವಾರಕ್ಕೆ ನೋಡಿದರೆ ನೆಲದ ತುಂಬ ಬಿಳಿ ಬೂಸ್ಟು, ಹತ್ತಿಯ ಹಾಗೆ ಎದ್ದು ನಿಂತಿತ್ತು. ಪೂರ್ತಿ ಕೆರೆದು ತೆಗೆದೆ. ಎರಡನೇ ಸಲ ಹೂಕುಂಡದ ಮಣ್ಣನ್ನು ಟೀ ಸೋಸುವ ಜರಡಿಯಲ್ಲಿ ಹಿಡಿದು, ಹಳೇ ಬಾಣಲೆಯಲ್ಲಿ ಹುರಿದು ತೇವ ತೆಗೆದೆ. ಜರಡಿ ಹಿಡಿಯಲೇಬೇಕು. 1 ಮಿ.ಮೀ. ಮರಳು ಕಾಳು ಈ ಅಳತೆಯಲ್ಲಿ 7 ಸೆಂ.ಮೀ. ಜಲ್ಲಿಕಲ್ಲು!

ಇನ್ನೊಂದು, ಟ್ಯಾಂಕನ್ನು ನೆಲದ ಮೇಲೆ ಸುಮ್ನೆ ಇಟ್ಟರೆ ಆಟದ ಸಾಮಾನಿನ ಹಾಗೆ ಕಾಣುತ್ತದೆ. ನಿಜವಾದದ್ದು 50 ಟನ್ ತೂಕ. ನದಿ ಬದಿಯ ಒದ್ದೆ ಮಣ್ಣಿನಲ್ಲಿ ಅದು ಹೂತುಕೊಳ್ಳಬೇಕು. ಪುಟ್ಟಿ ಹಸಿಯಿದ್ದಾಗಲೇ ಟ್ಯಾಂಕನ್ನು ಒತ್ತಿ, ಹಿಂದಕ್ಕೆ ಒಂದು ಸಲ ಎಳೆದು ಚೈನಿನ ಗುರುತು ಬಿಡಿಸಿದೆ. ಇಡುವಾಗ ಫ್ರೇಮಿನ ಅಂಚಿಗೆ ನೇರ ಇಡಲಿಲ್ಲ, ಓರೆಯಾಗಿಟ್ಟೆ. ನಡುವೆಯೂ ಇಡಲಿಲ್ಲ, ಹಿಂದಿನ ಮೂಲೆಗೆ ತಳ್ಳಿದೆ. ಮುಂದಿನ ಅರ್ಧ ಬರೀ ನೆಲ. ಆ ನೆಲದಲ್ಲಿ ಒಬ್ಬನೇ ಒಬ್ಬ.

ಆ ಕಡೆ ಸರ್ಕಂಡ ಎಂಬ ಎತ್ತರದ ಜೊಂಡು ಹುಲ್ಲು ಬೆಳೆಯುತ್ತದೆ. ನಮ್ಮ ಮನೆ ಗುಡಿಸುವ ಹುಲ್ಲು ಪೊರಕೆಯ ತುದಿಗಳೇ ಅದಕ್ಕೆ ಸರಿಹೋದವು. ಸ್ಯಾಪರ್‌ಗಳು ದಾರಿಯ ಎರಡು ಬದಿಗೆ ಬಿಳಿ ಪಟ್ಟಿ ಎಳೆಯುತ್ತಾರೆ. ಹೂ ಕಟ್ಟುವ ದಾರವನ್ನು ಬಿಡಿಸಿ ಒಂದೇ ಎಳೆ ತೆಗೆದು ಹಾಗೆ ಎಳೆದೆ, ಅರ್ಧಕ್ಕೇ ನಿಲ್ಲಿಸಿದೆ. ಕೆಲಸ ಅರ್ಧಕ್ಕೇ ನಿಂತಿತ್ತಲ್ಲ.

ಮಂಡಿಯೂರಿದವನನ್ನು ಒಂದು ಬಂದೂಕಿನ ಸಿಪಾಯಿಯಿಂದ ಮಾಡಿದೆ. ಬಂದೂಕು ಕತ್ತರಿಸಿ, ಬಿಸಿನೀರಿನಲ್ಲಿ ಅದ್ದಿ ಬೆನ್ನು ಬಾಗಿಸಿ, ಕೈಗೆ ಟೆಲಿಫೋನ್ ವೈರಿನ ತಾಮ್ರದ ಎಳೆ ಕೊಟ್ಟೆ. ಕಡ್ಡಿಯನ್ನು ಓರೆಯಾಗಿ ಚುಚ್ಚಬೇಕು, ನೆಟ್ಟಗೆ ಚುಚ್ಚಿದರೆ ಮೈನಿನ ತಲೆಗೇ ತಾಗಿ ಸಿಡಿಯಬಹುದು. ಅದನ್ನು ಸರಿಯಾಗಿ ಮಾಡಿದೆ ಎಂದು ಸಂತೋಷವಾಗಿತ್ತು.

ಅಮ್ಮನಿಗೆ ಈಗ 84. ಮುಗಿದ ಮೇಲೆ ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು, ಮೂಗು ಮಣ್ಣಿಗೆ ತಾಗುವಷ್ಟು ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ, ‘ನಿಮ್ಮಪ್ಪಂದು ಎಡಗೈ ಅಲ್ವೇನೋ? ಇವನು ಬಲಗೈಲಿ ಚುಚ್ತಿದಾನಲ್ಲ’ ಅಂದರು. ಇದು ಅಪ್ಪ ಎಂದು ನಾನು ಅವರಿಗೆ ಹೇಳಿರಲಿಲ್ಲ. ಅವತ್ತೇ ರಾತ್ರಿ ಬ್ಲೇಡಿನಲ್ಲಿ ಎರಡೂ ತೋಳು ಬಿಡಿಸಿ, ಕಡ್ಡಿಯನ್ನು ಎಡಗೈಗೆ ಕೊಟ್ಟು ಮತ್ತೆ ಅಂಟಿಸಿದೆ. ಭುಜದ ಹತ್ತಿರ ಗೆರೆ ಕಾಣುತ್ತದೆ. ಹಾಗೇ ಬಿಟ್ಟಿದ್ದೇನೆ.

ಆ ತಾಯಿಗೆ ನಾನು ಹೇಳಬೇಕೆಂದಿರುವುದು ಇದೇ. ಅಂಗಡಿಯವರು ಪಟ್ಟಿ ಮಾಡಿದ್ದರಲ್ಲಿ ಮುಕ್ಕಾಲು ಭಾಗ ನಿಮ್ಮ ಮಗನಿಗೆ ಈಗ ಬೇಕಿಲ್ಲ. ಯಾರ ಕಥೆ ಮಾಡಬೇಕು ಎಂದು ಅವನನ್ನು ಮೊದಲು ಕೇಳಿ. ಅದು ಗೊತ್ತಾದರೆ ಎಷ್ಟು ಸಾಮಾನು ಬೇಕು ಅನ್ನುವುದು ತಾನೇ ಇಳಿಯುತ್ತದೆ. ಇದು ಪರದೇಶದ ಹವ್ಯಾಸ ಅಂತಲೂ ಅಂದುಕೊಳ್ಳಬೇಡಿ. ಡಯೋರಾಮಾ ಎಂಬ ಹೆಸರು 1822ರಲ್ಲಿ ಪ್ಯಾರಿಸ್‌ನಲ್ಲಿ ದಾಗೇರ್ ತೆರೆದ ಚಿತ್ರಪ್ರದರ್ಶನದಿಂದ ಬಂದದ್ದು, ನಿಜ. ಆದರೆ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಸೇರಿದ ಬೇಗೂರಿನ ವೀರಗಲ್ಲು ನೋಡಿ. ಗಂಗರ ಕಡೆಯ ನಾಗತ್ತರ ಎಂಬ ವೀರ ನೊಳಂಬರ ಮೇಲೆ ಹೋರಾಡಿ ಸತ್ತ ಕಾಳಗ ಅದು. ಆನೆ, ಕುದುರೆ, ಬಿಲ್ಲು ಹಿಡಿದವರು, ಕತ್ತಿ ಹಿಡಿದವರು, ಎಲ್ಲ ಒಂದೇ ಕಲ್ಲಿನಲ್ಲಿ. ಸತ್ತವನನ್ನು ಊರು ಮರೆಯಬಾರದು ಎಂದು ಪುಟ್ಟದಾಗಿ ಯುದ್ಧ ಮಾಡಿಡುವುದು ನಮ್ಮಲ್ಲಿ ಸಾವಿರ ವರ್ಷಕ್ಕೂ ಹಳೆಯದು.

ನಿಮ್ಮ ಪತ್ರಿಕೆಯ ಮೂಲಕ ಶಾಲೆಯವರಲ್ಲಿ ಒಂದು ಕೋರಿಕೆ. ವಸ್ತುಪ್ರದರ್ಶನದಲ್ಲಿ ಜ್ವಾಲಾಮುಖಿ, ಮಳೆನೀರು ಕೊಯ್ಲು ಪ್ರತಿ ವರ್ಷ ಇರುತ್ತವೆ, ಇರಲಿ. ಪಕ್ಕದಲ್ಲಿ ಇತಿಹಾಸಕ್ಕೂ ಒಂದು ಮೇಜು ಹಾಕಿ. ನನ್ನ ಮೊಮ್ಮಗಳು ಒಂಬತ್ತು ವರ್ಷದವಳು. ‘ತಾತ, ಈ ಅಂಕಲ್ ಯಾಕೆ ನೆಲ ಚುಚ್ತಿದಾರೆ?’ ಎಂದು ಕೇಳಿದಳು. ಒಂದು ಗಂಟೆ ಕೂತು ಕೇಳಿಸಿಕೊಂಡಳು. ಪಾಠದ ಪುಸ್ತಕದಲ್ಲಿ 1971 ಅವಳಿಗೆ ಬರೀ ಇಸವಿ ಆಗಿತ್ತು. ಮನೆಯಲ್ಲಿ ಕಟ್ಟದ ಕಿಟ್ ಇಟ್ಟುಕೊಂಡವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಟ್ಟದ ಮೇಲೆ ಧೂಳು ಹಿಡಿಸುವ ಬದಲು ಬೀದಿಯ ಒಂದು ಮಗುವಿಗೆ ಕೊಡಿ. ನನಗೆ ಆ ಇಂಜಿನಿಯರ್ ಸಿಪಾಯಿಗಳನ್ನು ಕೊಟ್ಟದ್ದು ಹಾಗೆಯೇ ಅಲ್ವಾ.

ನನ್ನ ಹತ್ತಿರ ಪ್ರೈಮರ್ ಅರ್ಧ ಡಬ್ಬ ಉಳಿದಿದೆ. ಅಂಟು ಮುಕ್ಕಾಲು ಬಾಟಲಿ, ಬಣ್ಣ ಬೇಕಾದಷ್ಟು, ಮೂವತ್ತಕ್ಕೂ ಹೆಚ್ಚು ಸಿಪಾಯಿಗಳು. ಹುರಿದ ಮಣ್ಣೂ ಒಂದು ಹಾರ್ಲಿಕ್ಸ್ ಬಾಟಲಿ ತುಂಬ ಇದೆ. ಎಲ್ಲವನ್ನೂ ಒಂದು ಡಬ್ಬದಲ್ಲಿ ಕಟ್ಟಿ ಸೋಮವಾರ ನಿಮ್ಮ ಕಚೇರಿಗೆ ತಂದುಕೊಡುತ್ತೇನೆ. ದಯವಿಟ್ಟು ಆ ತಾಯಿಗೆ ತಲುಪಿಸಿ. ಟ್ಯಾಂಕ್ ಒಂದನ್ನು ಮಾತ್ರ ಅವರು ಕೊಡಿಸಿದರೆ ಸಾಕು. ಹುಡುಗನಿಗೆ ಬ್ರಶ್ ಹಿಡಿಯುವುದು ತೋರಿಸಬೇಕು ಅನ್ನಿಸಿದರೆ ಹಲಸೂರಿಗೆ ಬರಲಿ. ಭಾನುವಾರ ಬೆಳಗ್ಗೆ ಹತ್ತರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ, ವಿಳಾಸ ಡಬ್ಬದೊಳಗೆ ಬರೆದಿಟ್ಟಿರುತ್ತೇನೆ.

ಇಂತಿ ನಿಮ್ಮ ಓದುಗ,
ನಿವೃತ್ತ ಲೇತ್ ಆಪರೇಟರ್,
ಹಲಸೂರು, ಬೆಂಗಳೂರು