ಅಜ್ಜಿಯ ಹೆಸರಿನ ಕಮಾನು ಬೇಡ, ಹುಡುಗಿಯರ ರೂಮಿನ ಬೀಗ ತೆಗೆಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಕೇಳುವುದು ಒಂದೇ. ನಮ್ಮ ತಾಲ್ಲೂಕು ಕ್ರೀಡಾಂಗಣದಲ್ಲಿ ಹೆಣ್ಣುಮಕ್ಕಳು ಬಟ್ಟೆ ಬದಲಾಯಿಸಲಿ ಅಂತ ಕಟ್ಟಿದ ರೂಮು ಇದೆಯಲ್ಲ, ಶೌಚಾಲಯವೂ ಅದರೊಳಗೇ ಇದೆ, ಅದರ ಬೀಗ ತೆಗೆಸಿ. ಮನವಿ ಪತ್ರ ಕೊಟ್ಟಾಯಿತು, ಕಚೇರಿಗೆ ಅಲೆದಾಯಿತು, ನಿಮ್ಮ ಪಿಎಗೆ ಮೆಸೇಜ್ ಹಾಕಿದ್ದೂ ಆಯಿತು. ಓದಿದ್ದು ಕಾಣಿಸಿತು, ಉತ್ತರ ಬರಲಿಲ್ಲ. ಅದಕ್ಕೇ ಎಲ್ಲರೂ ಓದಲಿ ಅಂತ ಹೀಗೆ ಬರೆಯುತ್ತಿದ್ದೇನೆ.

ಸಂಕ್ರಾಂತಿ ಕಳೆದ ಮೇಲೆ ನಮ್ಮಜ್ಜಿ ತೀರಿಕೊಂಡಾಗ ನೀವು ಮನೆಗೆ ಬಂದು ಹಾರ ಹಾಕಿದಿರಿ. ತಾಲ್ಲೂಕಿನ ಹೆಣ್ಣುಮಕ್ಕಳ ಆಟಕ್ಕೆ ಇವರಷ್ಟು ದುಡಿದವರಿಲ್ಲ ಅಂದಿರಿ. ಕ್ರೀಡಾಂಗಣದ ಗೇಟಿಗೆ ಅವಳ ಹೆಸರಲ್ಲಿ ಕಮಾನು ಕಟ್ಟಿಸುತ್ತೇನೆ ಅಂತ ಅಮ್ಮನಿಗೆ ಮಾತು ಕೊಟ್ಟಿರಿ. ನೀವು ಬಂದಿದ್ದು ನಮಗೆಲ್ಲ ಸಮಾಧಾನ ಕೊಟ್ಟಿತು, ನಿಜ. ಆದರೆ ಕಮಾನು ಬೇಡ ಸ್ವಾಮಿ. ಬದುಕಿದ್ದಾಗ ಅವಳು ನಿಮ್ಮನ್ನು ಕೇಳಿದ್ದು ಕಮಾನಲ್ಲ.

ನಮ್ಮಜ್ಜಿ ಒಂದು ದಿನವೂ ಆಟ ಆಡಿದವಳಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು. ಹೊಲಿಗೆ ಮಿಷನ್ನೇ ಅವಳ ಜೀವನ. ಅಮ್ಮ ಹೈಸ್ಕೂಲಿನಲ್ಲಿ ಖೋ-ಖೋ ತಂಡ ಸೇರಿದಾಗ "ಚಡ್ಡಿ ಹಾಕ್ಕೊಂಡು ಓಡೋ ಹುಡುಗೀನ ನಾಳೆ ಯಾರು ಮದುವೆ ಆಗ್ತಾರೆ" ಅಂತ ಬೀದಿಯವರೆಲ್ಲ ಕೇಳಿದರಂತೆ. ಅಜ್ಜಿ ಜಗಳ ಆಡಲಿಲ್ಲ. ಮಂಡಿ ಮುಚ್ಚುವಷ್ಟು ಉದ್ದದ ಚಡ್ಡಿ ಹೊಲಿದಳು. ಅಮ್ಮನೊಬ್ಬಳಿಗಲ್ಲ, ಇಡೀ ತಂಡಕ್ಕೆ, ಬಟ್ಟೆಯ ದುಡ್ಡೂ ಅವಳದ್ದೇ. ಆಮೇಲೆ ಮನೆಮನೆಗೆ ಹೋಗಿ ತಾಯಂದಿರ ಜೊತೆ ಕೂತು "ಸಂಜೆ ನಾನೇ ಕರ್ಕೊಂಡು ಬಂದು ಬಿಡ್ತೀನಿ, ಕಳಿಸಿ" ಅಂದಳು. ಹಾಗೇ ಮಾಡಿದಳು, ಅಮ್ಮನ ಕಾಲದಲ್ಲೂ, ನನ್ನ ಕಾಲದಲ್ಲೂ, ನನ್ನ ನಂತರ ಬಂದ ಬೇರೆಯವರ ಮಕ್ಕಳಿಗೂ.

ಮೈದಾನದ ಬೇವಿನ ಮರದ ಕೆಳಗೆ ಅವಳ ಜಾಗ. ಕೈಚೀಲದಲ್ಲಿ ಗ್ಲೂಕೋಸ್ ಪುಡಿ, ನಿಂಬೆಹಣ್ಣು, ಕಡಲೆಬೆಲ್ಲ, ಹತ್ತಿ, ಅರಿಶಿನ. ಎಡಗೈ ಬಳೆಗೆ ಸಾಲಾಗಿ ಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದಳು. ಯಾರದಾದರೂ ಚೆಸ್ಟ್ ನಂಬರ್ ಬಿಚ್ಚಿದರೆ, ಗುಂಡಿ ಕಿತ್ತುಹೋದರೆ, ಓಡಿಹೋಗಿ ಅಜ್ಜಿ ಮುಂದೆ ನಿಂತರೆ ಸಾಕು, ಬಳೆಯಿಂದ ಒಂದು ಪಿನ್ನು ತೆಗೆದು ಚುಚ್ಚಿ ಬೆನ್ನು ತಟ್ಟಿ ಕಳಿಸುತ್ತಿದ್ದಳು. ಕಂಬ ತಿರುಗುವಾಗ ಬಿದ್ದು ಮಂಡಿ ತರಚಿಕೊಂಡು ಬಂದರೆ ಅರಿಶಿನ ಹಚ್ಚುತ್ತಲೇ "ಔಟ್ ಮಾಡಿದ್ಯಾ ಇಲ್ವಾ, ಅದು ಹೇಳು ಮೊದಲು" ಅನ್ನುತ್ತಿದ್ದಳು.

ಎಂಟನೇ ಕ್ಲಾಸು ದಾಟಿದ ಮೇಲೆ ಹುಡುಗಿಯರು ಒಬ್ಬೊಬ್ಬರೇ ಆಟ ಬಿಡುತ್ತಿದ್ದರು. ಯಾಕೆ ಅಂತ ಅಜ್ಜಿಗೆ ಗೊತ್ತಿತ್ತು. ಪಂದ್ಯದ ದಿನ ಬೆಳಗ್ಗೆಯಿಂದ ಅವರು ನೀರೇ ಕುಡಿಯುವುದಿಲ್ಲ, ಕುಡಿದರೆ ಹೋಗುವುದೆಲ್ಲಿಗೆ? ಮಧ್ಯಾಹ್ನದ ಬಿಸಿಲಿಗೆ ಮೀನಖಂಡ ಹಿಡಿದುಕೊಂಡು ಕೂರುತ್ತಾರೆ. ಮುಟ್ಟಾದರೆ ಹೊಟ್ಟೆನೋವು ಅಂತ ಹೇಳಿ ಮನೆಯಲ್ಲೇ ಉಳಿಯುತ್ತಾರೆ. ಹುಡುಗಿಗೆ ಆಸಕ್ತಿ ಇಲ್ಲ ಅಂತ ಹೆಸರು ಹೊಡೆದು ಹಾಕುತ್ತಾರೆ. ಆಸಕ್ತಿ ಇತ್ತು ಸ್ವಾಮಿ. ಬಾಗಿಲಿರುವ ಒಂದು ಶೌಚಾಲಯ ಇರಲಿಲ್ಲ, ಅಷ್ಟೇ.

ಅಜ್ಜಿ ಕೇಳಿ ಕೇಳಿ ಕೊನೆಗೆ ಆ ರೂಮು ಕಟ್ಟಿದರು. ಟೇಪು ಕತ್ತರಿಸಿದ್ದು ನೀವೇ. ಹೊರಗೋಡೆಯ ಕಲ್ಲಿನಲ್ಲಿ ನಿಮ್ಮ ಹೆಸರಿದೆ. ಒಳಗೆ ಈಗ ಶಾಮಿಯಾನದ ಪೈಪು, ಪ್ಲಾಸ್ಟಿಕ್ ಕುರ್ಚಿ, ಹಳೇ ಫ್ಲೆಕ್ಸು ತುಂಬಿವೆ, ಒಡೆದ ಕಿಟಕಿಯಲ್ಲಿ ಇಣುಕಿದರೆ ಎಲ್ಲ ಕಾಣುತ್ತದೆ. ಕೀಲಿ ಯಾರ ಹತ್ತಿರ ಅಂದರೆ ವಾಚ್‌ಮನ್ ಗುಮಾಸ್ತರ ಹೆಸರು ಹೇಳುತ್ತಾರೆ, ಗುಮಾಸ್ತರು ಸಾಹೇಬರನ್ನು ಕೇಳಿ ಅನ್ನುತ್ತಾರೆ, ಸಾಹೇಬರು ಮೀಟಿಂಗಿನಲ್ಲಿರುತ್ತಾರೆ.

ಹೋದ ವರ್ಷದ ತಾಲ್ಲೂಕು ಮಟ್ಟದ ಪಂದ್ಯದ ದಿನ ಏನಾಯಿತು ಅಂತ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ನಾನು ಹೇಳುತ್ತೇನೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ, ಆ ತಂಡದಲ್ಲಿ ಅವಳ ಹಾಗೆ ಚೇಸ್ ಮಾಡುವವರು ಇನ್ನೊಬ್ಬರಿರಲಿಲ್ಲ. ಆಟದ ಮಧ್ಯೆ ಮುಟ್ಟಾಯಿತು, ಚಡ್ಡಿಗೆ ಕಲೆ ಆಯಿತು. ಅಜ್ಜಿ ಆಗಲೇ ಕೋಲು ಹಿಡಿದು ನಡೆಯುತ್ತಿದ್ದಳು, ಆದರೂ ಮಗುವಿನ ಕೈ ಹಿಡಿದು ರೂಮಿನ ತನಕ ಹೋದಳು. ಬೀಗ. ಕೀಲಿ ಕೇಳಲು ವೇದಿಕೆ ಹತ್ತಿರ ಹೋದರೆ ಅಲ್ಲಿದ್ದ ಒಬ್ಬರು ಮೈಕ್ ಕೈಯಲ್ಲಿ ಹಿಡಿದುಕೊಂಡೇ "ಹೆಣ್ಣುಮಕ್ಕಳು ಅದನ್ನೆಲ್ಲ ಮನೇಲೇ ಮುಗಿಸ್ಕೊಂಡು ಬರಬೇಕಮ್ಮ" ಅಂದರು. ಮೈಕ್ ಆನ್ ಇತ್ತು. ಇಡೀ ಮೈದಾನಕ್ಕೆ ಕೇಳಿಸಿತು. ಮೆಟ್ಟಿಲ ಮೇಲೆ ಕೂತಿದ್ದ ಹುಡುಗರು ನಕ್ಕರು. ನಾವು ಮೂವರು ಗೋಡೆಯ ಮೂಲೆಯಲ್ಲಿ ದುಪಟ್ಟಾ ಅಡ್ಡ ಹಿಡಿದು ನಿಂತೆವು, ಆ ಮಗು ನಡುಗುತ್ತಾ ಬಟ್ಟೆ ಬದಲಾಯಿಸಿತು. ಅಷ್ಟರಲ್ಲಿ ಒಬ್ಬ ಮೊಬೈಲ್ ಎತ್ತಿದ. ಅಜ್ಜಿ ಕೋಲು ಎತ್ತಿಕೊಂಡು ಅವನ ಮೇಲೇ ಹೋದಳು, ಅವಳಿಗೆ ಅಷ್ಟು ಸಿಟ್ಟು ಬಂದಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಹುಡುಗಿ ಮತ್ತೆ ಮೈದಾನಕ್ಕೆ ಇಳಿಯಲಿಲ್ಲ. ಅವತ್ತೂ ಇಲ್ಲ, ಇವತ್ತಿನವರೆಗೂ ಇಲ್ಲ. ಅವಳನ್ನು ಕರೆಯಲು ಅಜ್ಜಿ ಕೊನೆಯ ತನಕ ಅವರ ಮನೆಗೆ ಹೋಗುತ್ತಿದ್ದಳು. ಇದಕ್ಕೆ ಯಾರು ಹೊಣೆ ಹೇಳಿ?

ನಿಯಮ ನಿಮಗೆ ಗೊತ್ತಿಲ್ಲದ್ದೇನಲ್ಲ. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ. ಕ್ರೀಡಾಂಗಣ ಶಾಲೆಯಲ್ಲಮ್ಮ, ಅದು ಇಲ್ಲಿಗೆ ಬರಲ್ಲ ಅಂತ ಕಚೇರಿಯಲ್ಲಿ ಒಬ್ಬರು ನನಗೆ ಹೇಳಿದರು. ಶಾಲೆಯ ಪಂದ್ಯಕ್ಕೆ ಶಾಲೆಯ ಮಕ್ಕಳನ್ನೇ ಅಲ್ಲಿಗೆ ಕರೆತರುವುದು ಅಲ್ವಾ? ಗೇಟು ದಾಟಿದ ಕೂಡಲೇ ಆ ಮಕ್ಕಳ ಅಗತ್ಯ ಬದಲಾಗುತ್ತದೆಯೇ?

2025ರ ಜನವರಿ 19ರಂದು ದೆಹಲಿಯಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದರು. ಆ ತಂಡದಲ್ಲಿದ್ದ ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಹಳ್ಳಿ ಹುಡುಗಿ. ರಾಜ್ಯ ಸರ್ಕಾರದ 5 ಲಕ್ಷ ಬಹುಮಾನ ಸಾಲದು ಅಂತ ಅವರೂ ಪುರುಷರ ತಂಡದ ಗೌತಮ್ ಅವರೂ ಬೇಡ ಅಂದಾಗ ಅಜ್ಜಿ "ಸರಿಯಾಗಿ ಮಾಡಿದ್ರು" ಅಂದಳು. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಮಹಿಳಾ ವಿಶ್ವಕಪ್ ಕ್ರಿಕೆಟ್ ಫೈನಲ್ ಮುಗಿದಾಗ ಮಧ್ಯರಾತ್ರಿ. ಅಜ್ಜಿ ಅಲ್ಲಿವರೆಗೂ ಟಿವಿ ಮುಂದೆ ಕೂತಿದ್ದಳು. ಕಪ್ ಎತ್ತಿದ್ದು ನೋಡಿ ಕಣ್ಣೊರೆಸಿಕೊಂಡು ನನ್ನನ್ನು ಕೇಳಿದ್ದು ಒಂದೇ ಮಾತು: "ಈ ಮಕ್ಕಳಿಗೆ ಬಟ್ಟೆ ಬದಲಾಯಿಸೋಕೆ ರೂಮು ಇರುತ್ತೆ ಅಲ್ವಾ?"

ಮರುದಿನ ಊರ ತುಂಬ ಆ ಹೆಣ್ಣುಮಕ್ಕಳಿಗೆ ಅಭಿನಂದನೆಯ ಫ್ಲೆಕ್ಸು ಬಿದ್ದವು. ಸಂತೋಷ. ಆದರೆ ಅಂಥ ಹುಡುಗಿಯರು ಶುರು ಮಾಡುವುದು ಇಂಥ ತಾಲ್ಲೂಕು ಮೈದಾನದಲ್ಲೇ. ಆ ಫ್ಲೆಕ್ಸನ್ನೇ ಸುತ್ತಿ ಹುಡುಗಿಯರ ರೂಮಿಗೆ ತುಂಬಿಸಿದ್ದಾರೆ, ಹೋಗಿ ನೋಡಿ.

ದಸರಾ ಕ್ರೀಡಾಕೂಟದ ತಾಲ್ಲೂಕು ಮಟ್ಟದ ಪಂದ್ಯ ಬರುವ ಮೊದಲು ಬೀಗ ತೆಗೆಸಿ. ಕುರ್ಚಿ, ಪೈಪು ಬೇರೆ ಕಡೆ ಸಾಗಿಸಿ. ನಲ್ಲಿಗೆ ನೀರು ಬರಲಿ, ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿ, ಪ್ಯಾಡ್ ಹಾಕಲು ಮುಚ್ಚಳ ಇರುವ ಬುಟ್ಟಿ ಇಡಿಸಿ. ಕೀಲಿಯನ್ನು ಯಾರಾದರೂ ದೈಹಿಕ ಶಿಕ್ಷಕಿಯ ಕೈಗೆ ಕೊಡಿ. ಕಮಾನಿಗೆ ದುಡ್ಡು ಎತ್ತಿಟ್ಟಿದ್ದರೆ ಇದಕ್ಕೇ ಹಾಕಿ. ಗೋಡೆಯ ಮೇಲೆ ನಿಮ್ಮ ಹೆಸರೇ ಇರಲಿ, ಅಜ್ಜಿಯ ಹೆಸರು ಎಲ್ಲೂ ಬೇಡ. ಬೀಗ ತೆಗೆಸಿ.

ಬರುವ ಸೋಮವಾರ ಬೆಳಗ್ಗೆ ಅಮ್ಮ, ನಾನು, ಈಗ ಆಡುತ್ತಿರುವ ಹುಡುಗಿಯರು ಮತ್ತು ಅವರ ತಾಯಂದಿರು ನಿಮ್ಮ ಕಚೇರಿಗೆ ಬರುತ್ತೇವೆ. ದಯವಿಟ್ಟು ಅವತ್ತು ಊರಲ್ಲಿರಿ.

ಇಂತಿ,
ಅವರ ಮೊಮ್ಮಗಳು, ಇದೇ ಮೈದಾನದಲ್ಲಿ ಆಡಿ ಬೆಳೆದವಳು